ಕರಾವಳಿಯ ಹಕ್ಕಿ ವೀಕ್ಷಕರಿಗೆ ದುರ್ಬೀನು: ವರ್ಧನೆಗಿಂತ ಬೆಳಕು ಮುಖ್ಯ

ಪುಂಜಾಲಕಟ್ಟೆ: ಬಂಟ್ವಾಳದಿಂದ ಬೆಳ್ತಂಗಡಿಯತ್ತ ಸಾಗುವ ಹೆದ್ದಾರಿಯ ಮೇಲಿರುವ ಈ ಪೇಟೆಯ ಸುತ್ತ, ಸುಮಾರು ಒಂದು ತಾಸಿನ ಪ್ರಯಾಣದೊಳಗೆ ಮೂರು ಬಗೆಯ ನೆಲ ಸಿಗುತ್ತದೆ. ತಗ್ಗಿನಲ್ಲಿ ಅಡಿಕೆ ತೋಟ, ಮೂಡುಬಿದಿರೆಯ ಕಡೆಗೆ ಮುರಕಲ್ಲಿನ ಬೋಳುಗುಡ್ಡ, ಪೂರ್ವದಲ್ಲಿ ಗಡಾಯಿಕಲ್ಲನ್ನು ದಾಟಿ ಮುಂದೆ ಹೋದರೆ ಚಾರ್ಮಾಡಿ ಘಾಟಿಯ ದಟ್ಟ ಕಾಡು. ಗುಡ್ಡದ ಮೇಲೆ ಗರುಡ ಸುತ್ತುತ್ತಿರುತ್ತದೆ, ತೋಟದ ನೆರಳಿನಲ್ಲಿ ಭೀಮರಾಜ ಕೂಗುತ್ತದೆ, ಚಳಿಗಾಲದಲ್ಲಿ ಉತ್ತರದಿಂದ ಬಂದ ನವರಂಗ ಒಣಗಿದ ಎಲೆಗಳನ್ನು ಕೆದಕುತ್ತ ನೆಲದಲ್ಲೇ ಓಡಾಡುತ್ತದೆ. ಇವಿಷ್ಟನ್ನೂ ಒಂದೇ ದುರ್ಬೀನಿನಲ್ಲಿ ನೋಡಬೇಕೆನ್ನುವವರು ಹಣ ಹೂಡುವ ಮುನ್ನ ಕೆಲವು ಸಂಗತಿಗಳನ್ನು ತಿಳಿದಿರುವುದು ಒಳಿತು. ಬೆಂಗಳೂರಿನ ಕೆರೆಯಂಚಿನಲ್ಲಿ ಅಥವಾ ಬಳ್ಳಾರಿಯ ಬಯಲಿನಲ್ಲಿ ಸಾಕಾಗುವ ಉಪಕರಣ ವರ್ಷಕ್ಕೆ ಸುಮಾರು 4,000 ಮಿ.ಮೀ. ಮಳೆ ಸುರಿಯುವ ದಕ್ಷಿಣ ಕನ್ನಡದಲ್ಲಿ ಸಾಲದು.

ಎರಡು ಸಂಖ್ಯೆಗಳ ಲೆಕ್ಕ

ಪ್ರತಿ ದುರ್ಬೀನಿನ ಮೇಲೂ 8×42, 10×42, 20×50 ಎಂಬಂತೆ ಎರಡು ಸಂಖ್ಯೆಗಳಿರುತ್ತವೆ. ಮೊದಲನೆಯದು ವರ್ಧನೆ, ಅಂದರೆ ಹಕ್ಕಿ ಎಷ್ಟು ಪಟ್ಟು ಹತ್ತಿರ ಕಾಣುತ್ತದೆ ಎಂಬುದು. ಎರಡನೆಯದು ಮುಂಭಾಗದ ಮಸೂರದ ವ್ಯಾಸ, ಮಿಲಿಮೀಟರ್‌ಗಳಲ್ಲಿ. ಹೊಸದಾಗಿ ಕೊಳ್ಳುವವರು ಬಹುತೇಕ ಮೊದಲ ಸಂಖ್ಯೆಯನ್ನಷ್ಟೇ ನೋಡುತ್ತಾರೆ. ಜಾತ್ರೆಯ ಅಂಗಡಿಗಳಿಂದ ಹಿಡಿದು ಅಂತರ್ಜಾಲ ಮಳಿಗೆಗಳವರೆಗೆ 20, 30, ಕೆಲವೊಮ್ಮೆ 60 ಪಟ್ಟು ವರ್ಧನೆಯೆಂದು ಮುದ್ರಿಸಿದ ಅಗ್ಗದ ಸರಕು ಮಾರಾಟವಾಗುವುದು ಈ ಕಾರಣಕ್ಕೇ. ಈ ಪೈಕಿ ಹಲವುಗಳ ಮೇಲಿನ ಸಂಖ್ಯೆಯೇ ಸುಳ್ಳು. ನಿಜವಾಗಿದ್ದರೂ ಅದು ಹಕ್ಕಿ ನೋಡುವವರಿಗೆ ಪ್ರಯೋಜನಕ್ಕೆ ಬಾರದು.

ಎರಡನೆಯ ಸಂಖ್ಯೆಯನ್ನು ಮೊದಲನೆಯದರಿಂದ ಭಾಗಿಸಿದರೆ ಕಣ್ಣಿನ ಕಡೆಗೆ ಹೊರಬೀಳುವ ಬೆಳಕಿನ ಕಂಬದ ವ್ಯಾಸ ಸಿಗುತ್ತದೆ. 8×42ರಲ್ಲಿ ಅದು 5.25 ಮಿ.ಮೀ., 10×42ರಲ್ಲಿ 4.2 ಮಿ.ಮೀ., 20×50ರಲ್ಲಿ ಕೇವಲ 2.5 ಮಿ.ಮೀ. ಮನುಷ್ಯನ ಕಣ್ಣಿನ ಪಾಪೆ ನಡುಹಗಲಿನ ಬಿಸಿಲಿನಲ್ಲಿ ಎರಡು ಮೂರು ಮಿಲಿಮೀಟರ್‌ಗೆ ಕುಗ್ಗಿರುತ್ತದೆ. ಮಬ್ಬು ಬೆಳಕಿನಲ್ಲಿ ಐದಾರು ಮಿಲಿಮೀಟರ್‌ವರೆಗೆ ಹಿಗ್ಗುತ್ತದೆ. ಬಯಲಿನಲ್ಲಿ ಹಗಲು ಹೊತ್ತು ಎಲ್ಲ ದುರ್ಬೀನುಗಳೂ ಸರಿಸುಮಾರು ಒಂದೇ ಬಗೆಯಲ್ಲಿ ಬೆಳಗಿದಂತೆ ಕಾಣುವುದು ಹೀಗಾಗಿ. ಅಡಿಕೆ ತೋಟದೊಳಗೆ ಮುಂಜಾನೆ ಆರೂವರೆಗೆ ಹೋದಾಗ ವ್ಯತ್ಯಾಸ ಬಯಲಾಗುತ್ತದೆ. ಆ ಹೊತ್ತಿನಲ್ಲಿ ಹಿಗ್ಗಿದ ಪಾಪೆಯನ್ನು 8×42 ತುಂಬುತ್ತದೆ, 20×50 ತುಂಬಲಾರದು. ಕಣ್ಣಿಗೆ ಕಾಣುವ ಚಿತ್ರದ ಹೊಳಪಿನಲ್ಲಿ ನಾಲ್ಕು ಪಟ್ಟಿಗೂ ಹೆಚ್ಚಿನ ಅಂತರ ಉಂಟಾಗುತ್ತದೆ. ವಯಸ್ಸಾದಂತೆ ಪಾಪೆ ಹಿಗ್ಗುವ ಪ್ರಮಾಣ ಕಡಿಮೆಯಾಗುತ್ತದಾದ್ದರಿಂದ ಅರವತ್ತು ದಾಟಿದವರಿಗೆ 8×56ರಂತಹ ಭಾರದ ದುರ್ಬೀನಿನ ಹೆಚ್ಚುವರಿ ಬೆಳಕು ವ್ಯರ್ಥವೇ ಸರಿ.

ಎರಡನೆಯ ತೊಡಕು ನೋಟದ ಅಗಲದ್ದು. ಒಂದು ಕಿಲೋಮೀಟರ್ ದೂರದಲ್ಲಿ ಎಷ್ಟು ಮೀಟರ್ ಅಗಲದ ದೃಶ್ಯ ಕಾಣುತ್ತದೆ ಎಂಬುದನ್ನು ತಯಾರಕರು ನಮೂದಿಸುತ್ತಾರೆ. ಉತ್ತಮ 8×42ರಲ್ಲಿ ಇದು 130ರಿಂದ 160 ಮೀಟರ್. 20×50ರಲ್ಲಿ ಸಾಮಾನ್ಯವಾಗಿ 60 ಮೀಟರ್ ದಾಟುವುದಿಲ್ಲ. ಆದರೆ ತೋಟದ ಹಕ್ಕಿ ಇರುವುದು ಇಪ್ಪತ್ತು ಮೀಟರ್ ಅಂತರದಲ್ಲಿ. ಅಲ್ಲಿ ಮೊದಲನೆಯದು ಸುಮಾರು ಮೂರು ಮೀಟರ್ ಅಗಲದ ಕಿಟಕಿಯನ್ನು ತೆರೆದರೆ ಎರಡನೆಯದು ಒಂದು ಮೀಟರ್‌ನ ಕಿಂಡಿಯನ್ನಷ್ಟೇ ಕೊಡುತ್ತದೆ. ಒಂದು ಅಡಿಕೆ ಮರದಿಂದ ಇನ್ನೊಂದಕ್ಕೆ ಹಾರುವ ಬಾಲದಂಡೆ ಹಕ್ಕಿಯನ್ನು ಆ ಕಿಂಡಿಯಲ್ಲಿ ಹುಡುಕುವಷ್ಟರಲ್ಲಿ ಅದು ಪಕ್ಕದ ತೋಟದಲ್ಲಿರುತ್ತದೆ. ಇದರ ಜತೆಗೆ ಕೈಯ ನಡುಕವೂ ಇಪ್ಪತ್ತು ಪಟ್ಟಾಗುತ್ತದೆ. ಮುರಕಲ್ಲಿನ ಗುಡ್ಡಗಳಲ್ಲಿ, ಗಡಾಯಿಕಲ್ಲಿನ ಬುಡದಲ್ಲಿ ನಿಂತು ದೂರದ ಹದ್ದು ಗಿಡುಗಗಳನ್ನೇ ಮುಖ್ಯವಾಗಿ ನೋಡುವವರು 10×42 ಆರಿಸಿಕೊಂಡರೆ ತಪ್ಪಿಲ್ಲ. ಉಳಿದವರಿಗೆ ಎಂಟು ಪಟ್ಟು ಸಾಕು.

ಗಾಜಿನೊಳಗೆ ನಡೆಯುವುದೇನು?

ಒಂದೇ 8×42 ಸಂಖ್ಯೆಯ ದುರ್ಬೀನು ಹತ್ತು ಸಾವಿರಕ್ಕೂ ಸಿಗುತ್ತದೆ, ಎರಡು ಲಕ್ಷ ಮೀರಿಯೂ ಇದೆ. ಅಂತರ ಅಡಗಿರುವುದು ಗಾಜು, ಲೇಪನ ಮತ್ತು ಕವಚಗಳಲ್ಲಿ.

ಲೇಪನವಿಲ್ಲದ ಗಾಜಿನ ಪ್ರತಿಯೊಂದು ಮೇಲ್ಮೈಯೂ ತನ್ನ ಮೇಲೆ ಬಿದ್ದ ಬೆಳಕಿನ ಸುಮಾರು ಶೇ. 4ರಷ್ಟನ್ನು ಹಿಂದಕ್ಕೆ ಚೆಲ್ಲುತ್ತದೆ. ದುರ್ಬೀನಿನ ಒಂದು ಕೊಳವೆಯಲ್ಲಿ ಇಂತಹ ಹನ್ನೆರಡು ಮೇಲ್ಮೈಗಳಿದ್ದರೆ ಕಣ್ಣು ತಲುಪುವ ಹೊತ್ತಿಗೆ ಶೇ. 39ರಷ್ಟು ಬೆಳಕು ಕಳೆದುಹೋಗಿರುತ್ತದೆ. ಜರ್ಮನಿಯ ಝೈಸ್ ಕಂಪೆನಿಯಲ್ಲಿದ್ದ ಅಲೆಕ್ಸಾಂಡರ್ ಸ್ಮಾಕುಲಾ 1935ರಲ್ಲಿ ರೂಪಿಸಿದ ಪ್ರತಿಫಲನ ತಡೆಯುವ ಲೇಪನ ಈ ನಷ್ಟವನ್ನು ತಗ್ಗಿಸುವ ದಾರಿ ತೋರಿತು. ಈಗಿನ ಬಹುಪದರ ಲೇಪನದಿಂದ ಪ್ರತಿ ಮೇಲ್ಮೈಯ ನಷ್ಟ ಅರ್ಧ ಶೇಕಡಾಕ್ಕೆ ಇಳಿಯುತ್ತದೆ. ಎಲ್ಲ ಮೇಲ್ಮೈಗಳಿಗೂ ಬಹುಪದರ ಲೇಪನವಿದೆಯೆಂದು ಸ್ಪಷ್ಟವಾಗಿ ಬರೆದಿದೆಯೇ, ಬರೀ ‘ಲೇಪಿತ ಮಸೂರ’ ಎಂದು ಬರೆದಿದೆಯೇ ಎಂಬುದನ್ನು ಗಮನಿಸಬೇಕು. ಎರಡಕ್ಕೂ ಅಜಗಜಾಂತರ.

ಪಟ್ಟಕಗಳಲ್ಲಿ ಎರಡು ಬಗೆ. ಇಟಲಿಯ ಇಗ್ನಾಜಿಯೊ ಪೊರೊ 1854ರಲ್ಲಿ ಹಕ್ಕುಸ್ವಾಮ್ಯ ಪಡೆದ ವಿನ್ಯಾಸದ ಆಧಾರದಲ್ಲಿ ಅರ್ನ್‌ಸ್ಟ್ ಆಬೆಯ ನೇತೃತ್ವದಲ್ಲಿ ಝೈಸ್ ಕಂಪೆನಿ 1894ರಲ್ಲಿ ಮಾರುಕಟ್ಟೆಗೆ ತಂದ ದುರ್ಬೀನುಗಳೇ ಇಂದಿನವುಗಳ ಪೂರ್ವಜರು. ಸೊಂಟ ಮುರಿದಂತಿರುವ ಅಗಲ ದೇಹದ ಪೊರೊ ಮಾದರಿ ಕಡಿಮೆ ಬೆಲೆಯಲ್ಲೂ ಒಳ್ಳೆಯ ಚಿತ್ರ ಕೊಡುತ್ತದೆ. ನೇರ ಕೊಳವೆಯ ‘ರೂಫ್’ ಮಾದರಿ ಹಗುರ, ಕೈಗೆ ಒಪ್ಪುತ್ತದೆ, ನೀರಿನಿಂದ ರಕ್ಷಿಸುವುದೂ ಸುಲಭ. ಆದರೆ ಅದರ ಪಟ್ಟಕದಲ್ಲಿ ಬೆಳಕು ಎರಡಾಗಿ ಒಡೆದು ಮತ್ತೆ ಸೇರುವಾಗ ತಾಳ ತಪ್ಪಿ ಚಿತ್ರ ಮಸುಕಾಗುತ್ತದೆ. ಇದನ್ನು ಸರಿಪಡಿಸುವ ‘ಫೇಸ್’ ಲೇಪನ 1988ರಲ್ಲಿ ಬಂದ ಬಳಿಕವೇ ರೂಫ್ ಮಾದರಿ ಪೂರ್ಣವಾಗಿ ಮೇಲುಗೈ ಸಾಧಿಸಿತು. ಹತ್ತು ಸಾವಿರದೊಳಗಿನ ರೂಫ್ ದುರ್ಬೀನುಗಳಲ್ಲಿ ಈ ಲೇಪನ ಇರುವ ಖಾತರಿಯಿಲ್ಲ. ಆ ಬೆಲೆಯಲ್ಲಿ ಪೊರೊ ಉತ್ತಮ.

ಇ.ಡಿ. ಗಾಜೆಂಬುದು ಬಣ್ಣಗಳ ಚದುರುವಿಕೆಯನ್ನು ತಡೆಯುವ ವಿಶೇಷ ಗಾಜು. ಬಿಳಿ ಆಕಾಶದ ಎದುರು ಕುಳಿತ ಮಂಗಟ್ಟೆಯ ಅಂಚಿನಲ್ಲಿ ನೇರಳೆ ಗೆರೆ ಕಾಣಿಸಿದರೆ ಆ ಗಾಜು ಇಲ್ಲ ಅಥವಾ ಕಳಪೆಯದು ಎಂದರ್ಥ. ಮಳೆಗಾಲದಲ್ಲಿ ಆಕಾಶ ಸದಾ ಬೆಳ್ಳಗಿರುವ ಕರಾವಳಿಯಲ್ಲಿ ಇದು ಬಯಲುಸೀಮೆಗಿಂತ ಹೆಚ್ಚು ಕಣ್ಣಿಗೆ ಹೊಡೆಯುತ್ತದೆ.

ಕೋವಿಯ ಜಾಗಕ್ಕೆ ಬಂದ ಗಾಜು

ಹಕ್ಕಿಯನ್ನು ಗುರುತಿಸಲು ಅದನ್ನು ಕೊಲ್ಲಲೇಬೇಕೆಂಬ ಕಾಲವೊಂದಿತ್ತು. ಅಮೆರಿಕದ ಫ್ಲಾರೆನ್ಸ್ ಮೆರಿಯಮ್ 1889ರಲ್ಲಿ ನಾಟಕ ನೋಡುವ ಪುಟ್ಟ ದುರ್ಬೀನಿನಿಂದಲೇ ಹಕ್ಕಿಗಳನ್ನು ಗುರುತಿಸುವ ಬಗೆಯನ್ನು ಪುಸ್ತಕವಾಗಿ ಬರೆದಾಗ ಅದು ಹೊಸ ಮಾತಾಗಿತ್ತು. ಸಲೀಂ ಅಲಿ 1939-40ರಲ್ಲಿ ಮೈಸೂರು ಸಂಸ್ಥಾನದ ಪಕ್ಷಿ ಸಮೀಕ್ಷೆ ನಡೆಸಿದಾಗಲೂ ಹಕ್ಕಿಗಳನ್ನು ಹೊಡೆದು ಚರ್ಮ ಸಂಗ್ರಹಿಸುವುದು ಶಾಸ್ತ್ರದ ವಾಡಿಕೆಯಾಗಿತ್ತು. ಚಾರ್ಮಾಡಿ ಘಾಟಿ ಹತ್ತಿದರೆ ಸಿಗುವ ಮೂಡಿಗೆರೆಯಲ್ಲಿ ನೆಲೆಸಿದ್ದ ಕೆ.ಪಿ. ಪೂರ್ಣಚಂದ್ರ ತೇಜಸ್ವಿಯವರ ಹಕ್ಕಿಗಳ ಕುರಿತ ಪುಸ್ತಕಗಳು ಕನ್ನಡದ ಸಾಮಾನ್ಯ ಓದುಗನನ್ನು ಈ ಹವ್ಯಾಸಕ್ಕೆ ಎಳೆದು ತಂದವು. ಅವುಗಳನ್ನು ಓದಿ ಕಾಡಿಗೆ ಹೋಗುವವನ ಕೈಯಲ್ಲಿ ಇಂದು ದುರ್ಬೀನಿಗಿಂತ ಮೊದಲು ಕ್ಯಾಮರಾ ಇರುತ್ತದೆ ಎಂಬುದು ಬೇರೆ ಮಾತು. ಕ್ಯಾಮರಾದ ಉದ್ದ ಮಸೂರ ಚಿತ್ರವನ್ನು ಕೊಡುತ್ತದೆ. ಹಕ್ಕಿಯ ನಡವಳಿಕೆಯನ್ನು ಎರಡು ಕಣ್ಣುಗಳಿಂದ, ಆಳದ ಅರಿವಿನೊಂದಿಗೆ ನೋಡುವ ಅವಕಾಶವನ್ನು ಕೊಡುವುದಿಲ್ಲ.

ಬೆಲೆಯ ಮೂರು ಮೆಟ್ಟಿಲು

ಹತ್ತು ಸಾವಿರ ರೂಪಾಯಿಯ ಆಸುಪಾಸಿನಲ್ಲಿ ನಿಕಾನ್ ಅಕ್ಯುಲಾನ್ 8×42 ಮತ್ತು ಒಲಿಂಪಸ್ 8×40 ಡಿಪಿಎಸ್-1 ಬಹುಕಾಲದಿಂದ ಪರಿಚಿತವಾದ ಪೊರೊ ಮಾದರಿಗಳು. ಎರಡರ ನೋಟದ ಅಗಲವೂ 140 ಮೀಟರ್‌ಗೆ ಕಡಿಮೆಯಿಲ್ಲ. ಚಿತ್ರ ಈ ಬೆಲೆಗೆ ನಿಜಕ್ಕೂ ಚೆನ್ನ. ಆದರೆ ಎರಡೂ ನೀರು ನಿರೋಧಕವಲ್ಲ. ಅಕ್ಯುಲಾನ್ ಐದು ಮೀಟರ್‌ಗಿಂತ, ಒಲಿಂಪಸ್ ನಾಲ್ಕು ಮೀಟರ್‌ಗಿಂತ ಹತ್ತಿರದ ವಸ್ತುವನ್ನು ಸ್ಪಷ್ಟವಾಗಿ ತೋರಿಸಲಾರವು. ಅಂಗಳದ ದಾಸವಾಳಕ್ಕೆ ಬರುವ ಸೂರಕ್ಕಿ, ಕಾಲಬುಡದ ಚಿಟ್ಟೆ ಇವುಗಳ ವ್ಯಾಪ್ತಿಗೆ ಬರುವುದಿಲ್ಲ.

ಕರಾವಳಿಯವರಿಗೆ ಹಣಕ್ಕೆ ಹೆಚ್ಚಿನ ಬೆಲೆ ಸಿಗುವುದು ಇಪ್ಪತ್ತೈದರಿಂದ ಐವತ್ತು ಸಾವಿರದ ನಡುವಿನ ಮೆಟ್ಟಿಲಿನಲ್ಲಿ. ನಿಕಾನ್ ಮೊನಾರ್ಕ್ ಎಂ5 8×42 ಇಲ್ಲಿನ ಹಗುರ ಮಾದರಿಗಳಲ್ಲೊಂದು, ತೂಕ 630 ಗ್ರಾಂ. ಇ.ಡಿ. ಗಾಜು, ನೀರು ನಿರೋಧಕ ಕವಚ, ಕನ್ನಡಕಧಾರಿಗಳಿಗೆ ಅನುಕೂಲವಾಗುವ 19.5 ಮಿ.ಮೀ. ಕಣ್ಣಂತರ ಇದರ ಗುಣಗಳು. 112 ಮೀಟರ್‌ನ ಕಿರಿದಾದ ನೋಟ ಇದರ ದೋಷ. ಅದರ ಅಣ್ಣನಾದ ಎಂ7 8×42ರಲ್ಲಿ ನೋಟ 145 ಮೀಟರ್‌ಗೆ ಹಿಗ್ಗುತ್ತದೆ, ತೂಕ 670 ಗ್ರಾಂ. ಸೂಚ್ಯಂಕಗಳ ಪಟ್ಟಿಯಲ್ಲಿ ಈ 33 ಮೀಟರ್ ಸಣ್ಣದೆನಿಸಬಹುದು. ಗಿಜಿಗುಡುವ ಎಲೆಗಳ ನಡುವೆ ಎಲೆಯಷ್ಟೇ ಗಾತ್ರದ ಉಲಿಯಕ್ಕಿಯನ್ನು ಹಿಂಬಾಲಿಸುವವರಿಗೆ ಅದೇ ಎಲ್ಲ. ಹತ್ತಿರದ ವಸ್ತುವನ್ನು ಎಂ5 2.5 ಮೀಟರ್‌ವರೆಗೆ, ಎಂ7 2 ಮೀಟರ್‌ವರೆಗೆ ನೋಡಬಲ್ಲವು. ಇದೇ ವರ್ಗದ ವೋರ್ಟೆಕ್ಸ್ ಡೈಮಂಡ್‌ಬ್ಯಾಕ್ ಎಚ್‌ಡಿ 8×42 ಸುಮಾರು 1.5 ಮೀಟರ್‌ಗೇ ಹೊಂದಿಕೊಳ್ಳುತ್ತದೆ, ನೋಟ 131 ಮೀಟರ್. ಚಿಟ್ಟೆ, ಏರೋಪ್ಲೇನ್ ಚಿಟ್ಟೆಗಳ ಮೇಲೂ ಆಸಕ್ತಿಯಿರುವವರು ಇದನ್ನು ಪರಿಶೀಲಿಸಬಹುದು.

ಮೇಲಿನ ಮೆಟ್ಟಿಲಿನಲ್ಲಿ ಯುರೋಪಿನ ಮೂರು ಹೆಸರುಗಳದ್ದೇ ಪೈಪೋಟಿ. ಆಸ್ಟ್ರಿಯಾದ ಸ್ವರೋವ್‌ಸ್ಕಿ 2020ರಲ್ಲಿ ತಂದ ಎನ್‌ಎಲ್ ಪ್ಯೂರ್ 8×42 ಮಾದರಿಯ ನೋಟ 159 ಮೀಟರ್. ಈ ಗಾತ್ರದಲ್ಲಿ ಇಷ್ಟು ಅಗಲ ಮತ್ತು ಅಂಚಿನವರೆಗೂ ಇಷ್ಟು ಸ್ಪಷ್ಟತೆ ಅಪರೂಪ. ತೂಕ 840 ಗ್ರಾಂ. ಝೈಸ್ ವಿಕ್ಟರಿ ಎಸ್‌ಎಫ್ 8×42ರ ನೋಟ 148 ಮೀಟರ್, ಹತ್ತಿರದ ಮಿತಿ 1.5 ಮೀಟರ್, ಭಾರವನ್ನು ಕಣ್ಣಿನ ಕಡೆಗೆ ಸರಿಸಿರುವುದರಿಂದ ದೀರ್ಘಕಾಲ ಎತ್ತಿ ಹಿಡಿದರೂ ತೋಳು ಬೇಗ ಸೋಲದು. ಲೈಕಾ ನಾಕ್ಟಿವಿಡ್ 8×42ರ ನೋಟ 135 ಮೀಟರ್‌ಗೆ ಸೀಮಿತ, ತೂಕವೂ 860 ಗ್ರಾಂ. ಬಣ್ಣಗಳ ಸಾಂದ್ರತೆಗಾಗಿ ಅದನ್ನು ಮೆಚ್ಚುವವರಿದ್ದಾರೆ. ಇವೆಲ್ಲಕ್ಕಿಂತ ಹಗುರವಾದ ಝೈಸ್ ಎಸ್‌ಎಫ್‌ಎಲ್ 8×40 (2022) ಕೇವಲ 640 ಗ್ರಾಂ ತೂಗುತ್ತದೆ, ನೋಟ 140 ಮೀಟರ್. ಘಾಟಿಯ ಏರುದಾರಿಯಲ್ಲಿ ದಿನವಿಡೀ ಕೊರಳಿಗೆ ತೂಗುಹಾಕಿಕೊಳ್ಳುವವರಿಗೆ ಈ ಇನ್ನೂರು ಗ್ರಾಂಗಳ ಮಹತ್ವ ಮಧ್ಯಾಹ್ನದ ಹೊತ್ತಿಗೆ ತಿಳಿಯುತ್ತದೆ.

ಎರಡು ಲಕ್ಷದ ದುರ್ಬೀನು ನಲವತ್ತು ಸಾವಿರದ್ದಕ್ಕಿಂತ ಐದು ಪಟ್ಟು ಚೆನ್ನಾಗಿ ತೋರಿಸುತ್ತದೆಯೇ? ಇಲ್ಲ. ಹಗಲಿನಲ್ಲಿ ಅನನುಭವಿಗೆ ವ್ಯತ್ಯಾಸವೇ ತಿಳಿಯದಿರಬಹುದು. ಸಂಜೆಯ ಕೊನೆಯ ಅರ್ಧ ತಾಸಿನಲ್ಲಿ, ಕಾಡಿನ ನೆರಳಲ್ಲಿ ಅಲುಗಾಡದೆ ಕುಳಿತ ಕಾಕರಣೆ ಹಕ್ಕಿಯ ಎದೆಯ ಕೆಂಪು ಕಂದಾಗಿ ಕಾಣುತ್ತದೆಯೋ ಕೆಂಪಾಗಿಯೇ ಕಾಣುತ್ತದೆಯೋ ಎಂಬಲ್ಲಿ ಆ ಹಣದ ಉತ್ತರವಿದೆ. ವರ್ಷಕ್ಕೆ ನಾಲ್ಕು ಬಾರಿ ಕಾಡಿಗೆ ಹೋಗುವವರಿಗೆ ಅದು ದುಬಾರಿ ಉತ್ತರ.

ಕಪಾಟಿನೊಳಗಿನ ಶತ್ರು

ಕರಾವಳಿಯಲ್ಲಿ ದುರ್ಬೀನನ್ನು ಕೆಡಿಸುವುದು ಮಳೆಯಲ್ಲ, ಬೂಷ್ಟು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹಕ್ಕಿ ವೀಕ್ಷಣೆಗೆ ಬಿಡುವು. ಉಪಕರಣ ಚರ್ಮದ ಚೀಲದೊಳಗೆ, ಕತ್ತಲ ಕಪಾಟಿನಲ್ಲಿ ನಾಲ್ಕು ತಿಂಗಳು ಮಲಗಿರುತ್ತದೆ. ತೇವ, ಕತ್ತಲೆ, ಕದಲದ ಗಾಳಿ ಇದ್ದಲ್ಲಿ ಶಿಲೀಂಧ್ರ ಮಸೂರದ ಮೇಲೆ ಜೇಡರ ಬಲೆಯಂತೆ ಹರಡಿ, ತಾನು ಸ್ರವಿಸುವ ಆಮ್ಲದಿಂದ ಲೇಪನವನ್ನೇ ತಿನ್ನುತ್ತದೆ. ಹೊರಗಿನ ಗಾಜಿನ ಮೇಲಾದರೆ ಒರೆಸಬಹುದು. ಒಳಗೆ ಹೊಕ್ಕರೆ ಮನೆಯಲ್ಲಿ ಮಾಡುವಂಥದ್ದೇನೂ ಉಳಿಯುವುದಿಲ್ಲ.

ಬಿಗಿಮುದ್ರೆ ಹಾಕಿ ಒಳಗೆ ಒಣ ಸಾರಜನಕ ಅಥವಾ ಆರ್ಗಾನ್ ತುಂಬಿದ ದುರ್ಬೀನಿಗೆ ಇಲ್ಲಿನವರು ಮೊದಲ ಆದ್ಯತೆ ಕೊಡಬೇಕಿರುವುದು ಇದಕ್ಕಾಗಿ. ಹೊರಗಿನ ತೇವ ಒಳಸೇರದು, ತಂಪಿನಿಂದ ಸೆಕೆಗೆ ಬಂದಾಗ ಒಳಗಾಜು ಮಂಜಾಗದು. ‘ನೀರು ಸಿಡಿದರೆ ತೊಂದರೆಯಿಲ್ಲ’ ಎಂಬ ಬರಹಕ್ಕೂ ನೀರು ನಿರೋಧಕ ಎಂಬುದಕ್ಕೂ ಸಂಬಂಧವಿಲ್ಲ. ಐಪಿಎಕ್ಸ್-7 ಎಂದಿದ್ದರೆ ಒಂದು ಮೀಟರ್ ನೀರಿನಲ್ಲಿ ಅರ್ಧ ತಾಸು ತಾಳುತ್ತದೆ ಎಂದರ್ಥ. ಎನ್‌ಎಲ್ ಪ್ಯೂರ್, ವಿಕ್ಟರಿ ಎಸ್‌ಎಫ್‌ಗಳು ನಾಲ್ಕು ಮೀಟರ್ ಆಳಕ್ಕೂ ಸೈ. ಇಂತಹ ಮುದ್ರೆಯ ದುರ್ಬೀನನ್ನು ಊರಿನ ಕ್ಯಾಮರಾ ರಿಪೇರಿ ಅಂಗಡಿಯಲ್ಲಿ ಬಿಚ್ಚಿಸಿದರೆ ಅನಿಲ ಹೊರಹೋಗಿ ರಕ್ಷಣೆ ಅಲ್ಲಿಗೇ ಮುಗಿಯುತ್ತದೆ. ಆದ್ದರಿಂದ ವಿದೇಶದಿಂದ ಬಂಧುಗಳ ಮೂಲಕ ತರಿಸುವವರು ಖಾತರಿ ಭಾರತದಲ್ಲಿ ಅನ್ವಯಿಸುತ್ತದೆಯೇ ಎಂದು ಮೊದಲೇ ವಿಚಾರಿಸಿಕೊಳ್ಳಬೇಕು.

ಮಳೆಗಾಲದಲ್ಲಿ ಚರ್ಮದ ಚೀಲವನ್ನು ದೂರವಿಟ್ಟು, ಗಾಳಿಯಾಡದ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜತೆ ಇಡುವುದು ಅಗ್ಗದ ಉಪಾಯ. ಜೆಲ್ ಬಣ್ಣ ಬದಲಿಸಿದಾಗ ಬಾಣಲೆಯಲ್ಲಿ ಬಿಸಿ ಮಾಡಿ ಮತ್ತೆ ಬಳಸಬಹುದು. ಹತ್ತು ಸಾವಿರದ ಪೊರೊ ಕೊಂಡವರಿಗಂತೂ ಈ ಡಬ್ಬಿ ಅನಿವಾರ್ಯ.

ಕೊಳ್ಳುವ ಮುನ್ನ

ಅಂಗಡಿಯ ಒಳಗಿನ ದೀಪದಡಿ ಯಾವ ದುರ್ಬೀನೂ ಚೆನ್ನಾಗಿಯೇ ಕಾಣುತ್ತದೆ. ಸಾಧ್ಯವಾದರೆ ಸಂಜೆ ಆರರ ಬಳಿಕ ಹೋಗಿ ಹೊರಗೆ ನಿಂತು ನೋಡಬೇಕು. ದೂರದ ವಿದ್ಯುತ್ ತಂತಿಯನ್ನು ದಿಟ್ಟಿಸಿ ನೋಡಿದಾಗ ಎರಡು ತಂತಿಗಳು ಕಂಡರೆ ಅಥವಾ ಐದು ನಿಮಿಷದಲ್ಲಿ ಹಣೆ ನೋಯತೊಡಗಿದರೆ ಎರಡು ಕೊಳವೆಗಳು ಒಂದೇ ರೇಖೆಯಲ್ಲಿಲ್ಲ ಎಂದು ತಿಳಿಯಬೇಕು. ಆದರೆ ಅದಕ್ಕೂ ಮುಂಚೆ ಬಲಗಣ್ಣನ್ನು ಮುಚ್ಚಿ ನಡುಚಕ್ರದಿಂದ ಎಡಗಣ್ಣಿಗೆ, ಬಳಿಕ ಎಡಗಣ್ಣನ್ನು ಮುಚ್ಚಿ ಬಲಭಾಗದ ಉಂಗುರದಿಂದ ಬಲಗಣ್ಣಿಗೆ ಹೊಂದಿಸಿಕೊಂಡಿರಬೇಕು. ಈ ಹೊಂದಿಕೆಯನ್ನು ಮಾಡದೆಯೇ ಒಳ್ಳೆಯ ದುರ್ಬೀನನ್ನು ಮರಳಿಸುವವರಿದ್ದಾರೆ. ಕನ್ನಡಕ ಧರಿಸುವವರು ಕನ್ನಡಕ ಹಾಕಿಕೊಂಡೇ ನೋಡಬೇಕು. ಕಣ್ಣಂತರ 16 ಮಿ.ಮೀ.ಗಿಂತ ಕಡಿಮೆಯಿದ್ದರೆ ಚಿತ್ರದ ಅಂಚು ಕತ್ತರಿಸಿ ಹೋಗುತ್ತದೆ. ಹಳೆಯದನ್ನು ಕೊಳ್ಳುವವರು ಮುಂಭಾಗದಿಂದ ಟಾರ್ಚ್ ಬೆಳಕು ಹಾಯಿಸಿ ಒಳಗೆ ನೋಡಲಿ. ಧೂಳಿನ ಕೆಲವು ಕಣಗಳಿದ್ದರೆ ಚಿಂತೆಯಿಲ್ಲ. ಬೇರಿನಂತೆ ಕವಲೊಡೆದ ಬಿಳಿ ಎಳೆಗಳಿದ್ದರೆ ಎಷ್ಟೇ ಅಗ್ಗವಾದರೂ ಬೇಡ.