‘ಮುಟ್ಟಬೇಡಿ’ ಎಂಬ ಫಲಕ ಇಳಿದ ಕಥೆ

ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿ ಎರಡು ವಸ್ತುಸಂಗ್ರಹಾಲಯಗಳು ಅಕ್ಕಪಕ್ಕದಲ್ಲೇ ಇವೆ. ಒಂದು ಕೆಂಪು ಬಣ್ಣದ ಸರಕಾರಿ ವಸ್ತುಸಂಗ್ರಹಾಲಯ. 1865ರಲ್ಲಿ ಆರಂಭವಾಗಿ, 1877ರಲ್ಲಿ ಈ ಕಟ್ಟಡ ಪಡೆದದ್ದು. ಇನ್ನೊಂದು ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರಿನ ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯ. 1962ರ ಜುಲೈಯಲ್ಲಿ ಪ್ರಧಾನಿ ನೆಹರೂ ಅದನ್ನು ಉದ್ಘಾಟಿಸಿದರು. ಮೊದಲನೆಯದು ‘ಮುಟ್ಟಬೇಡಿ’ ಎನ್ನುವ ಕಾಲದ್ದು. ಎರಡನೆಯದು ‘ಗುಂಡಿ ಒತ್ತಿ, ಹಿಡಿಕೆ ತಿರುಗಿಸಿ’ ಎನ್ನುವ ಕಾಲದ್ದು. ಒಂದು ಗೇಟಿನಿಂದ ಇನ್ನೊಂದು ಗೇಟಿಗೆ ನಡೆಯಲು ಕೆಲವೇ ನಿಮಿಷ ಸಾಕು. ಆದರೆ ಆ ದಾರಿಯನ್ನು ಕ್ರಮಿಸಲು ಇತಿಹಾಸ ಸುಮಾರು ನೂರು ವರ್ಷ ತೆಗೆದುಕೊಂಡಿತು.

ಉರ್ದುವಿನಲ್ಲಿ ಮ್ಯೂಸಿಯಂಗೆ ‘ಅಜಾಯಬ್ ಘರ್’ ಎನ್ನುತ್ತೇವೆ. ಅಚ್ಚರಿಗಳ ಮನೆ ಎಂದರ್ಥ. ಈ ಹೆಸರೇ ಒಂದು ಕಾಲದ ಮನೋಭಾವವನ್ನು ಹೇಳುತ್ತದೆ. ಅಲ್ಲಿಗೆ ಹೋಗುವುದು ಬೆರಗಾಗಲು, ಅರಿಯಲು ಅಲ್ಲ. ರಾಜರು, ದೊರೆಗಳು, ಕಂಪೆನಿ ಸರಕಾರದ ಅಧಿಕಾರಿಗಳು ಒಟ್ಟು ಮಾಡಿದ ವಸ್ತುಗಳನ್ನು ಜನ ದೂರದಿಂದ ನೋಡಬೇಕಿತ್ತು. ಬೆಂಗಳೂರಿನ ಸಂಗ್ರಹಾಲಯಕ್ಕೆ ಬುನಾದಿ ಹಾಕಿದ ಎಡ್ವರ್ಡ್ ಬಾಲ್ಫರ್ ಮದ್ರಾಸ್ ಸೈನ್ಯದ ವೈದ್ಯರಾಗಿದ್ದರು. ಅವರ ಶ್ರಮ ಸಣ್ಣದಲ್ಲ. ಅಲ್ಲಿರುವ ಆತಕೂರಿನ ಹತ್ತನೇ ಶತಮಾನದ ಶಾಸನ ‘ಕಾಳಿ’ ಎಂಬ ಬೇಟೆನಾಯಿ ಹಂದಿಯೊಡನೆ ಹೋರಾಡಿ ಸತ್ತ ಕಥೆಯನ್ನು ಹೇಳುತ್ತದೆ. ಅದನ್ನು ಕೇಳಿದ ಯಾವ ಮಗುವೂ ಆ ಕಲ್ಲಿನ ಮೇಲೆ ಕೈಯಾಡಿಸಬೇಕೆಂದು ಬಯಸುತ್ತದೆ. ಆದರೆ ಸಾವಿರ ವರ್ಷ ಉಳಿದ ಕಲ್ಲನ್ನು ಮುಂದಿನವರಿಗೂ ಉಳಿಸಬೇಕಲ್ಲ! ಆದ್ದರಿಂದ ‘ಮುಟ್ಟಬೇಡಿ’ ಎಂಬ ಮಾತಿಗೆ ಅಲ್ಲಿ ನ್ಯಾಯವಿದೆ. ತೊಂದರೆ ಆದದ್ದು, ಉಳಿಸಬೇಕಾದ ವಸ್ತುವಿಗೂ ಕಲಿಸಬೇಕಾದ ವಸ್ತುವಿಗೂ ಒಂದೇ ಕಾನೂನು ಹಾಕಿದಾಗ.

ಈ ಕಾನೂನನ್ನು ಮೊದಲು ಪ್ರಶ್ನಿಸಿದವರು ಯಾರು? ಈ ಕಥೆ ಶ್ರೀಮಂತರ ಬಂಗಲೆಗಳಿಗಿಂತ ಹೆಚ್ಚಾಗಿ ಕೂಲಿಕಾರರ ಕೇರಿಗಳ ಕಡೆಗೇ ನಮ್ಮನ್ನು ಕರೆದೊಯ್ಯುತ್ತದೆ.

ಹತ್ತೊಂಬತ್ತನೇ ಶತಮಾನದ ಕೊನೆಗೆ ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ, ಹತ್ತಿ ಗಿರಣಿಗಳ ಹೊಗೆ ತುಂಬಿದ ಆ್ಯಂಕೋಟ್ಸ್ ಎಂಬ ಕೇರಿಯಲ್ಲಿ ಥಾಮಸ್ ಹಾರ್ಸ್‌ಫಾಲ್ ಒಂದು ಸಂಗ್ರಹಾಲಯ ತೆರೆದರು. ಮರಗಿಡ, ಹಕ್ಕಿ, ಒಳ್ಳೆಯ ಚಿತ್ರ ಇವು ಗಿರಣಿ ಕಾರ್ಮಿಕರಿಗೂ ಅವರ ಮಕ್ಕಳಿಗೂ ಸಿಗಬೇಕೆಂಬುದು ಅವರ ಆಸೆ. ಅದನ್ನು ನೋಡಿ ಬಂದ ಅಮೆರಿಕದ ವಿಲಿಯಂ ಹೆನ್ರಿ ಗುಡ್‌ಇಯರ್ ತಮ್ಮ ಊರಿನಲ್ಲಿ ಮಕ್ಕಳಿಗಾಗಿಯೇ ಒಂದು ಮ್ಯೂಸಿಯಂ ಇರಬೇಕೆಂದು ಹೇಳಿದರು. ಹೀಗೆ 1899ರ ಡಿಸೆಂಬರಿನಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ, ಒಂದು ಹಳೆಯ ಬಂಗಲೆಯಲ್ಲಿ, ಜಗತ್ತಿನ ಮೊದಲ ಮಕ್ಕಳ ಮ್ಯೂಸಿಯಂ ತೆರೆಯಿತು. 1902ರಲ್ಲಿ ಅಲ್ಲಿ ಕೆಲಸಕ್ಕೆ ಸೇರಿದ ಅನ್ನಾ ಬಿಲ್ಲಿಂಗ್ಸ್ ಗ್ಯಾಲಪ್ ಎಂಬ ಮಹಿಳೆ ಮೂವತ್ತು ವರ್ಷಗಳಿಗೂ ಮಿಕ್ಕಿ ಅದನ್ನು ಬೆಳೆಸಿದರು. ಮಗುವಿಗೆ ಇದು ತನ್ನದೇ ಮನೆ ಅನ್ನಿಸಬೇಕು ಎಂಬುದು ಅವರ ನಿಲುವು. 1913ರಲ್ಲಿ ಬಾಸ್ಟನ್ನಿನ ವಿಜ್ಞಾನ ಶಿಕ್ಷಕರು ಇದೇ ಹಾದಿ ಹಿಡಿದರು.

ಈ ನಡುವೆ 1907ರಲ್ಲಿ, ರೋಮ್ ನಗರದ ಸಾನ್ ಲೊರೆಂಜೊ ಎಂಬ ಬಡವರ ಬಸ್ತಿಯಲ್ಲಿ ಮರಿಯಾ ಮಾಂಟೆಸ್ಸರಿ ತಮ್ಮ ಮೊದಲ ಶಾಲೆ ತೆರೆದರು. ಕೆಲಸಕ್ಕೆ ಹೋದ ತಾಯಂದಿರ ಪುಟ್ಟ ಮಕ್ಕಳು ಅಲ್ಲಿ ಮರದ ತುಂಡು, ಮಣಿ, ಬಟ್ಟೆಗಳನ್ನು ಮುಟ್ಟಿ, ಜೋಡಿಸಿ ಕಲಿಯತೊಡಗಿದರು. ಇಂದು ನಮ್ಮ ನಗರಗಳಲ್ಲಿ ‘ಮಾಂಟೆಸ್ಸರಿ’ ಎಂದರೆ ದುಬಾರಿ ಫೀಸಿನ ಶಾಲೆ ಎಂಬ ಭಾವನೆ ಇದೆ. ಆ ಹೆಸರು ಹುಟ್ಟಿದ್ದು ಬಡವರ ಓಣಿಯಲ್ಲಿ ಎಂಬುದನ್ನು ನಾವು ಮರೆಯಬಾರದು.

ಯಂತ್ರಗಳ ವಿಷಯದಲ್ಲಿ ದಾರಿ ತೋರಿದ್ದು ಜರ್ಮನಿ. ಮ್ಯೂನಿಕ್‌ನಲ್ಲಿ ವಿದ್ಯುತ್ ಎಂಜಿನಿಯರ್ ಆಸ್ಕರ್ ಫಾನ್ ಮಿಲ್ಲರ್ 1903ರಲ್ಲಿ ಸ್ಥಾಪಿಸಿದ ಡಾಯಿಶ್ ಮ್ಯೂಸಿಯಂ 1925ರಲ್ಲಿ ಇಸಾರ್ ನದಿಯ ದ್ವೀಪದ ಮೇಲಿನ ತನ್ನ ಕಟ್ಟಡಕ್ಕೆ ಬಂತು. ಅಲ್ಲಿ ನೋಡುಗನೇ ಹಿಡಿಕೆ ತಿರುಗಿಸಿ ಯಂತ್ರ ನಡೆಸಬಹುದಿತ್ತು. 1931ರಲ್ಲಿ ಲಂಡನ್ನಿನ ವಿಜ್ಞಾನ ಸಂಗ್ರಹಾಲಯ ಮಕ್ಕಳಿಗಾಗಿ ಪ್ರತ್ಯೇಕ ವಿಭಾಗ ತೆರೆಯಿತು.

ಆಮೇಲೆ ಬಂದ ಇಬ್ಬರ ಬದುಕನ್ನು ಇಲ್ಲಿ ನೆನೆಯಬೇಕು. ಒಬ್ಬರು 1962ರಲ್ಲಿ ಬಾಸ್ಟನ್ ಮ್ಯೂಸಿಯಂನ ನಿರ್ದೇಶಕರಾದ ಮೈಕೆಲ್ ಸ್ಪಾಕ್. ಬಾಲ್ಯದಲ್ಲಿ ಅವರಿಗೆ ಓದುವುದೇ ಕಷ್ಟವಾಗಿತ್ತು. ಅಕ್ಷರದ ಮೂಲಕ ಮಾತ್ರ ಕಲಿ ಎಂದರೆ ಹಿಂದೆ ಬೀಳುವ ಮಗುವಿನ ಸಂಕಟ ಅವರಿಗೆ ಗೊತ್ತಿತ್ತು. ಅವರು ಗಾಜಿನ ಪೆಟ್ಟಿಗೆಗಳನ್ನು ಸರಿಸಿದರು. ದಿನಬಳಕೆಯ ವಸ್ತುಗಳನ್ನು ಅರ್ಧಕ್ಕೆ ಕೊಯ್ದು ‘ಒಳಗೇನಿದೆ ನೋಡಿ’ ಎಂದರು. ಇನ್ನೊಬ್ಬರು ಫ್ರಾಂಕ್ ಓಪನ್‌ಹೈಮರ್, ಅಣುಬಾಂಬಿನ ಯೋಜನೆ ನಡೆಸಿದ ರಾಬರ್ಟ್ ಓಪನ್‌ಹೈಮರ್ ಅವರ ತಮ್ಮ. ತಾವೂ ಆ ಯೋಜನೆಯಲ್ಲಿ ದುಡಿದವರು. ಕಮ್ಯುನಿಸ್ಟ್ ಪಕ್ಷದಲ್ಲಿದ್ದರೆಂಬ ಕಾರಣಕ್ಕೆ 1949ರಲ್ಲಿ ವಿಶ್ವವಿದ್ಯಾಲಯದ ಕೆಲಸ ಕಳೆದುಕೊಂಡು, ವರ್ಷಗಟ್ಟಲೆ ಕೊಲರಾಡೊದಲ್ಲಿ ದನ ಸಾಕಿದರು. ನಂತರ ಅಲ್ಲೇ ಹಳ್ಳಿ ಹೈಸ್ಕೂಲಿನಲ್ಲಿ ಪಾಠ ಹೇಳಿದರು. 1969ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೊದಲ್ಲಿ ಅವರು ತೆರೆದ ‘ಎಕ್ಸ್‌ಪ್ಲೊರೇಟೋರಿಯಂ’ ಜಗತ್ತಿನ ವಿಜ್ಞಾನ ಕೇಂದ್ರಗಳಿಗೆ ಮಾದರಿಯಾಯಿತು. ಮ್ಯೂಸಿಯಂನಲ್ಲಿ ಯಾರೂ ಫೇಲಾಗುವುದಿಲ್ಲ ಎಂಬುದು ಅವರ ಹೆಸರಿನಲ್ಲಿ ಪ್ರಸಿದ್ಧವಾದ ಮಾತು.

ನಮ್ಮ ದೇಶವೂ ಸುಮ್ಮನಿರಲಿಲ್ಲ. ಎಕ್ಸ್‌ಪ್ಲೊರೇಟೋರಿಯಂಗಿಂತ ಹತ್ತು ವರ್ಷ ಮೊದಲೇ, 1959ರಲ್ಲಿ ಕಲ್ಕತ್ತಾದಲ್ಲಿ ಬಿರ್ಲಾ ಕೈಗಾರಿಕಾ ಮತ್ತು ತಾಂತ್ರಿಕ ಸಂಗ್ರಹಾಲಯ ತೆರೆದಿತ್ತು. ಬೆಂಗಳೂರಿನದು ಅದರ ತಂಗಿ. ಅಲ್ಲಿ ವಿದ್ಯುತ್ ಕುರಿತ ಮೊದಲ ವಿಭಾಗ 1965ರಲ್ಲಿ ಸಾರ್ವಜನಿಕರಿಗೆ ತೆರೆಯಿತು. ಅದೇ ವರ್ಷ ಕಲ್ಕತ್ತಾದ ಸಂಗ್ರಹಾಲಯ ಪ್ರದರ್ಶನಗಳನ್ನು ಬಸ್ಸಿನಲ್ಲಿ ಹೇರಿಕೊಂಡು ಹಳ್ಳಿಗಳಿಗೆ ಹೊರಟಿತು. 1978ರಲ್ಲಿ ರಾಷ್ಟ್ರೀಯ ವಿಜ್ಞಾನ ಸಂಗ್ರಹಾಲಯಗಳ ಪರಿಷತ್ತು ರಚನೆಯಾಯಿತು. 1979ರ ಅಂತಾರಾಷ್ಟ್ರೀಯ ಮಕ್ಕಳ ವರ್ಷದಲ್ಲಿ ಮುಂಬೈಯ ವರ್ಲಿಯಲ್ಲಿ ಮಕ್ಕಳ ವಿಜ್ಞಾನ ಉದ್ಯಾನ ಶುರುವಾಯಿತು. 1984ರಲ್ಲಿ ನಮ್ಮ ಗುಲ್ಬರ್ಗಕ್ಕೆ, ಅಂದರೆ ಇಂದಿನ ಕಲಬುರಗಿಗೆ, ಜಿಲ್ಲಾ ವಿಜ್ಞಾನ ಕೇಂದ್ರ ಬಂತು. ಧಾರವಾಡಕ್ಕೆ 2012ರಲ್ಲಿ, ಮಂಗಳೂರಿನ ಪಿಲಿಕುಳಕ್ಕೆ 2014ರಲ್ಲಿ ಪ್ರಾದೇಶಿಕ ಕೇಂದ್ರಗಳು ಬಂದವು.

ಒಮ್ಮೆ ನಾವು ಕುಟುಂಬದ ಮಕ್ಕಳನ್ನು ಕಟ್ಟಿಕೊಂಡು ಕಸ್ತೂರಬಾ ರಸ್ತೆಯ ಈ ಎರಡನೇ ಮನೆಗೆ ಹೋಗಿದ್ದೆವು. ನಾಲ್ಕು ಮಕ್ಕಳು, ನಾಲ್ಕು ವಯಸ್ಸು. ನಾಲ್ಕು ವರ್ಷದವಳಿಗೆ ಗುಂಡಿ ಒತ್ತುವುದೇ ಹಬ್ಬ. ಒತ್ತಿದ ಮೇಲೆ ಏನಾಯಿತೆಂದು ನೋಡುವ ವ್ಯವಧಾನ ಅವಳಿಗಿರಲಿಲ್ಲ. ಅಲುಗಾಡಿ ಗರ್ಜಿಸುವ ಡೈನೋಸಾರಿನ ಮುಂದೆ ಮಾತ್ರ ನಮ್ಮ ಕುತ್ತಿಗೆ ಬಿಡಲಿಲ್ಲ. ಎಂಟು ವರ್ಷದವನು ಒಂದೇ ರಾಟೆಯ ಹಗ್ಗವನ್ನು ಮತ್ತೆ ಮತ್ತೆ ಎಳೆದ. ಒಂದು ರಾಟೆಯಿದ್ದರೆ ಭಾರ, ಹೆಚ್ಚು ರಾಟೆಯಿದ್ದರೆ ಹಗುರ ಯಾಕೆ ಎಂದು ಎಲ್ಲರನ್ನೂ ಪೀಡಿಸಿದ.

ಉಳಿದಿಬ್ಬರದು ಬೇರೆಯೇ ಕಥೆ. ಹುಡುಗಿ ಒಂಬತ್ತನೇ ತರಗತಿ, ಅಂಕಗಳಲ್ಲಿ ಮುಂದು. ಹುಡುಗನಿಗೆ ಹದಿನಾರು. ಎಸ್ಸೆಸ್ಸೆಲ್ಸಿಯಲ್ಲಿ ವಿಜ್ಞಾನದಲ್ಲಿ ಫೇಲಾಗಿ ಗ್ಯಾರೇಜಿಗೆ ಸೇರಿದವನು. ‘ಇದು ಚಿಕ್ಕ ಮಕ್ಕಳ ಜಾಗ ಮಾಮು’ ಎಂದು ಮುಖ ಗಂಟಿಕ್ಕಿಕೊಂಡೇ ಬಂದಿದ್ದ. ಎಂಜಿನ್‌ಗಳ ವಿಭಾಗಕ್ಕೆ ಬಂದಾಗ ಅವನ ನಡಿಗೆ ನಿಧಾನವಾಯಿತು. ಒಳಭಾಗ ಕಾಣುವಂತೆ ಕೊಯ್ದಿಟ್ಟ ಎಂಜಿನ್ ಎದುರು ಹುಡುಗಿ ನಾಲ್ಕು ಸ್ಟ್ರೋಕುಗಳ ಹೆಸರನ್ನು ಬಾಯಿಪಾಠ ಒಪ್ಪಿಸಿದಳು.

‘ಇದರಲ್ಲಿ ಪಿಸ್ಟನ್ ಯಾವುದು ತೋರಿಸು’ ಎಂದ ಅವನು.

ಅವಳಿಗೆ ಗೊತ್ತಾಗಲಿಲ್ಲ. ಅವನು ಬೆರಳಿಟ್ಟು ತೋರಿಸಿದ. ಇದು ವಾಲ್ವು, ಇದು ಕ್ರ್ಯಾಂಕು, ಇದು ಸವೆದರೆ ಗಾಡಿ ಹೊಗೆ ಬಿಡುತ್ತದೆ ಎಂದ. ಆದರೆ ಪಿಸ್ಟನ್ ಕೆಳಗೆ ಹೋಗುವುದು ಯಾಕೆ ಎಂದು ಅವಳು ಕೇಳಿದಾಗ ಅವನು ತಡವರಿಸಿದ. ಉರಿದ ಅನಿಲ ಹಿಗ್ಗಿ ತಳ್ಳುತ್ತದೆ ಎಂದು ಈಗ ಅವಳು ಹೇಳಿದಳು. ಅವನು ಎಷ್ಟೋ ಪಿಸ್ಟನ್‌ಗಳನ್ನು ಸೀಮೆಎಣ್ಣೆಯಲ್ಲಿ ತೊಳೆದಿದ್ದ. ಕಾರಣವನ್ನು ಯಾರೂ ಅವನಿಗೆ ತಿಳಿಯುವಂತೆ ಹೇಳಿರಲಿಲ್ಲ. ಅವಳು ಕಾರಣವನ್ನು ಕಂಠಪಾಠ ಮಾಡಿದ್ದಳು. ಪಿಸ್ಟನ್ ಅನ್ನು ಯಾರೂ ಅವಳಿಗೆ ತೋರಿಸಿರಲಿಲ್ಲ. ನಮ್ಮ ಶಿಕ್ಷಣದ ಎರಡು ತುಂಡುಗಳು ಅಲ್ಲಿ ಎದುರುಬದುರು ನಿಂತಿದ್ದವು.

‘ಮುಟ್ಟಬಾರದು’ ಎಂಬ ಮಾತಿಗೆ ನಮ್ಮ ದೇಶದಲ್ಲಿ ಇನ್ನೂ ಒಂದು ಕಹಿ ಅರ್ಥವಿದೆ. ಚರ್ಮ ಹದ ಮಾಡುವವರು, ಬಟ್ಟೆ ಒಗೆಯುವವರು, ಬೀದಿ ಗುಡಿಸುವವರು, ಹೀಗೆ ಕೈಯಿಂದ ದುಡಿಯುವವರನ್ನು ನಮ್ಮ ಸಮಾಜ ಕೆಳಗಿಟ್ಟಿತು. ಕೈ ಕೆಸರಾಗದ ಜ್ಞಾನವನ್ನು ಮೇಲಿಟ್ಟಿತು. ಇದರಿಂದ ಎರಡೂ ಕಡೆ ನಷ್ಟವಾಯಿತು. ಕೈಗೆ ಓದು ಸಿಗಲಿಲ್ಲ, ಓದಿಗೆ ಕೈ ಸಿಗಲಿಲ್ಲ. ಇಂದಿಗೂ ಎಷ್ಟೋ ಶಾಲೆಗಳಲ್ಲಿ ಪ್ರಯೋಗದ ಸಾಮಾನುಗಳು ಬೀರುವಿನಲ್ಲಿ ಬೀಗದೊಳಗಿರುತ್ತವೆ. ತಪಾಸಣೆಗೆ ಬಂದ ಅಧಿಕಾರಿಗೆ ತೋರಿಸಲು ಮಾತ್ರ ಹೊರಗೆ ಬರುತ್ತವೆ. ಒಡೆದರೆ ಲೆಕ್ಕ ಕೊಡುವವರು ಯಾರು ಎಂಬುದು ಅಧ್ಯಾಪಕರ ಭಯ. ಆ ಭಯವನ್ನು ನಾವು ಹಗುರವಾಗಿ ಕಾಣಬಾರದು. ಒಡೆದ ಗಾಜಿನ ಲೆಕ್ಕವನ್ನು ಬಡ ಅಧ್ಯಾಪಕನ ಸಂಬಳದಿಂದ ಹಿಡಿಯುವ ಪದ್ಧತಿ ಇರುವವರೆಗೆ ಬೀಗ ತೆರೆಯುವುದಿಲ್ಲ.

ಇಂದು ದೊಡ್ಡ ನಗರಗಳ ಮಾಲ್‌ಗಳಲ್ಲಿ ಗಂಟೆಗೆ ಇಷ್ಟು ಎಂದು ಹಣ ಪಡೆದು ಮಕ್ಕಳನ್ನು ಆಡಿಸುವ ಸ್ಥಳಗಳು ಬಂದಿವೆ. ಕೈಯಾರೆ ಕಲಿಯುವುದು ಮತ್ತೆ ಉಳ್ಳವರ ಮಕ್ಕಳ ಸೊತ್ತಾಗಬಾರದು. ಆ್ಯಂಕೋಟ್ಸ್‌ನ ಗಿರಣಿ ಮಕ್ಕಳಿಗೆ, ಸಾನ್ ಲೊರೆಂಜೊದ ಕೂಲಿಕಾರರ ಮಕ್ಕಳಿಗೆ ಕೊಟ್ಟದ್ದನ್ನು ನಮ್ಮ ಬೀಡಿ ಕಟ್ಟುವ ತಾಯಂದಿರ, ಆಟೋ ಓಡಿಸುವ ತಂದೆಯರ ಮಕ್ಕಳಿಗೆ ಕೊಡಲು ನಮ್ಮಿಂದ ಆಗದೇ? ಸರಕಾರದ ಸಂಗ್ರಹಾಲಯಗಳು ಇವೆ. ಹಳ್ಳಿಗೆ ಬರುವ ಬಸ್ಸುಗಳೂ ಇವೆ. ಶಾಲಾ ಸಮಿತಿಗಳು, ಅಂಜುಮನ್‌ಗಳು, ಯುವಕ ಸಂಘಗಳು ವರ್ಷಕ್ಕೊಮ್ಮೆ ಒಂದು ಬಸ್ಸು ಮಾಡಿ ಮೊಹಲ್ಲಾದ ಮಕ್ಕಳನ್ನು ಕರೆದೊಯ್ದರೆ ಖರ್ಚು ಹೆಚ್ಚಾಗದು. ಹೋಗುವಾಗ ಒಂದೇ ತರಗತಿಯ ಮಕ್ಕಳನ್ನು ಸಾಲಾಗಿ ನಿಲ್ಲಿಸಬೇಡಿ. ಅಕ್ಕ, ತಮ್ಮ, ಎತ್ತಿಕೊಂಡ ಕೂಸು, ಶಾಲೆ ಬಿಟ್ಟ ಅಣ್ಣ, ಎಲ್ಲರೂ ಬರಲಿ. ಮುಖ್ಯವಾಗಿ, ಓದು ತನಗಲ್ಲ ಎಂದು ಗ್ಯಾರೇಜು, ಗಾರೆ ಕೆಲಸ, ಟೈಲರ್ ಅಂಗಡಿ ಸೇರಿದ ಹುಡುಗರನ್ನು ಮನೆಯಲ್ಲಿ ಬಿಟ್ಟು ಹೋಗಬೇಡಿ. ಅಲ್ಲಿ ಉಳಿದವರಿಗೆ ಕಲಿಸಬಲ್ಲವರು ಅವರೇ.