ಕಡಲ ಗಾಳಿಯ ಲೆಕ್ಕವೂ ವರ್ತಕರ ದಿನಚರಿಯೂ



ಉದ್ಯಮಗಳು ತಮ್ಮಲ್ಲಿರುವ ದತ್ತಾಂಶವನ್ನು ಪರಸ್ಪರ ಹಂಚಿಕೊಳ್ಳುವಂತೆ ಸರ್ಕಾರಗಳು ಮಾಡಬೇಕೇ, ಮಾಡುವುದಾದರೆ ಹೇಗೆ ಎಂಬ ಚರ್ಚೆ ಕೆಲವು ವರ್ಷಗಳಿಂದ ನಡೆಯುತ್ತಿದೆ. ಸಾಫ್ಟ್‌ವೇರ್ ಉದ್ಯೋಗದಲ್ಲಿರುವ ನಿಮ್ಮಲ್ಲಿ ಹಲವರು ಇದನ್ನು ಕಂಪ್ಯೂಟರ್ ಯುಗದ ಸಮಸ್ಯೆಯೆಂದು ಭಾವಿಸಿರಬಹುದು. ಇತಿಹಾಸ ಬೋಧಿಸಿದ ನನಗೆ ಮಾತ್ರ ಹಾಯಿಹಡಗುಗಳ ಕಾಲದ ಒಬ್ಬ ಅಮೆರಿಕನ್ ನೌಕಾಧಿಕಾರಿ ನೆನಪಾಗುತ್ತಾನೆ. ನಮ್ಮ ಪಠ್ಯಪುಸ್ತಕದಲ್ಲಿ ಅವನಿಗೆ ಸ್ಥಾನವಿರಲಿಲ್ಲ. ತರಗತಿಯಲ್ಲಿ ಹೇಳಲಾಗದಿದ್ದುದನ್ನು ಇಲ್ಲಿ ಹೇಳುತ್ತೇನೆ.

ಆತನ ಹೆಸರು ಮ್ಯಾಥ್ಯೂ ಫಾಂಟೇನ್ ಮೌರಿ. 1806ರಲ್ಲಿ ವರ್ಜೀನಿಯಾದಲ್ಲಿ ಹುಟ್ಟಿ, 1825ರಲ್ಲಿ ನೌಕಾಪಡೆ ಸೇರಿದವನು. 1839ರಲ್ಲಿ ಸಾರೋಟಿನ ಅಪಘಾತದಲ್ಲಿ ಕಾಲಿಗೆ ತೀವ್ರ ಪೆಟ್ಟಾಗಿ, ಸಮುದ್ರಯಾನದ ಬದುಕು ಮುಗಿದಂತಾಯಿತು. 1842ರಲ್ಲಿ ಅವನಿಗೆ ವಾಷಿಂಗ್ಟನ್ನಿನಲ್ಲಿದ್ದ ನಕ್ಷೆ ಮತ್ತು ಉಪಕರಣಗಳ ಉಗ್ರಾಣದ ಮೇಲ್ವಿಚಾರಣೆ ದೊರೆಯಿತು. ಅಲ್ಲಿ ಹಳೆಯ ಹಡಗುಗಳ ದಿನಚರಿ ಪುಸ್ತಕಗಳು ರಾಶಿಬಿದ್ದಿದ್ದವು. ಯಾವ ದಿನ, ಯಾವ ಸ್ಥಳದಲ್ಲಿ ಗಾಳಿ ಯಾವ ದಿಕ್ಕಿನಿಂದ ಬೀಸಿತು, ಪ್ರವಾಹ ಎತ್ತ ಹರಿಯಿತು ಎಂಬುದನ್ನೆಲ್ಲ ಕಪ್ತಾನರು ಅವುಗಳಲ್ಲಿ ಬರೆದಿಟ್ಟಿದ್ದರು. ಒಂದು ದಿನಚರಿ ಒಂದು ಯಾನದ ಕಥೆಯನ್ನಷ್ಟೇ ಹೇಳುತ್ತದೆ. ಸಾವಿರಾರು ದಿನಚರಿಗಳನ್ನು ಸ್ಥಳವಾರು, ತಿಂಗಳುವಾರು ಜೋಡಿಸಿದರೆ ಕಡಲಿನ ಸ್ವಭಾವವೇ ತಿಳಿಯುತ್ತದೆ. ಹೀಗೆ ಜೋಡಿಸಿ ಅವನು 1847ರಲ್ಲಿ ಉತ್ತರ ಅಟ್ಲಾಂಟಿಕ್ ಸಾಗರದ ಗಾಳಿ ಮತ್ತು ಪ್ರವಾಹಗಳ ನಕ್ಷೆಯನ್ನು ಪ್ರಕಟಿಸಿದನು.

ಆದರೆ ಇಷ್ಟು ಸಾಲದಾಗಿತ್ತು. ನೌಕಾಪಡೆಯ ಹಡಗುಗಳು ಕೆಲವೇ. ವರ್ತಕರ ಹಡಗುಗಳು ಅಸಂಖ್ಯ. ಅವರ ದಿನಚರಿಗಳಾದರೋ ಅವರ ಖಾಸಗಿ ಸ್ವತ್ತು. ಪ್ರತಿಸ್ಪರ್ಧಿಗೂ ಉಪಯೋಗವಾಗುವ ಅನುಭವವನ್ನು ವರ್ತಕನು ಏಕೆ ಕೊಟ್ಟಾನು? ಮೌರಿ ಕಾನೂನಿನ ಮೊರೆ ಹೋಗಲಿಲ್ಲ. ಮುದ್ರಿತ ನಮೂನೆಯನ್ನು ಯಾನದುದ್ದಕ್ಕೂ ತುಂಬಿ ಕಳುಹಿಸುವ ಕಪ್ತಾನನಿಗೆ ನಕ್ಷೆಗಳನ್ನೂ ಯಾನದ ಮಾರ್ಗದರ್ಶಿಯನ್ನೂ ಉಚಿತವಾಗಿ ಕೊಡುವುದಾಗಿ ಹೇಳಿದನು. ಆ ನಮೂನೆ ಕೇಳುತ್ತಿದ್ದುದು ಗಾಳಿ, ಪ್ರವಾಹ, ನೀರಿನ ಉಷ್ಣತೆ ಮುಂತಾದವನ್ನು. ಸರಕಿನ ಬೆಲೆಯನ್ನಲ್ಲ, ಗಿರಾಕಿಗಳ ಹೆಸರನ್ನಲ್ಲ. ವ್ಯಾಪಾರದ ಗುಟ್ಟು ವ್ಯಾಪಾರಿಯಲ್ಲೇ ಉಳಿಯಿತು.

ಫಲ ಬೇಗ ಕಂಡಿತು. ಕ್ಯಾಲಿಫೋರ್ನಿಯಾದ ಚಿನ್ನದ ಹುಚ್ಚಿನ ಆ ವರ್ಷಗಳಲ್ಲಿ ನ್ಯೂಯಾರ್ಕಿನಿಂದ ಕೇಪ್ ಹಾರ್ನ್ ಸುತ್ತಿ ಸ್ಯಾನ್ ಫ್ರಾನ್ಸಿಸ್ಕೋ ಸೇರಲು ಆರು ತಿಂಗಳಿಗೂ ಹೆಚ್ಚು ಕಾಲ ಬೇಕಾಗುತ್ತಿದ್ದುದು ಅಪರೂಪವಲ್ಲ. 1851ರಲ್ಲಿ ‘ಫ್ಲೈಯಿಂಗ್ ಕ್ಲೌಡ್’ ಹಡಗು ಅದೇ ದೂರವನ್ನು 89 ದಿನ 21 ಗಂಟೆಗಳಲ್ಲಿ ಕ್ರಮಿಸಿತು. ಮೌರಿಯ ಮಾರ್ಗದರ್ಶನವನ್ನು ಅನುಸರಿಸಿ ದಾರಿ ಲೆಕ್ಕ ಹಾಕಿದವಳು ಕಪ್ತಾನನ ಪತ್ನಿ ಎಲಿನಾರ್ ಕ್ರೀಸಿ. ಹಡಗಿನ ಹೊಸ ವಿನ್ಯಾಸಕ್ಕೂ ಕೀರ್ತಿ ಸಲ್ಲಬೇಕು, ನಿಜ. ಆದರೆ ವೇಗದ ಹಡಗಿಗೂ ಸರಿಯಾದ ದಾರಿ ಬೇಕಲ್ಲವೇ?

ದೇಶಕ್ಕೊಂದು ರೀತಿಯಲ್ಲಿ ಬರೆದ ಲೆಕ್ಕಗಳನ್ನು ಕೂಡಿಸಲಾಗದು. ಅದಕ್ಕಾಗಿ 1853ರ ಆಗಸ್ಟ್‌ನಲ್ಲಿ ಬ್ರಸೆಲ್ಸ್‌ನಲ್ಲಿ ಹತ್ತು ದೇಶಗಳ ಪ್ರತಿನಿಧಿಗಳು ಕ್ವೆಟೆಲೆಯ ಅಧ್ಯಕ್ಷತೆಯಲ್ಲಿ ಸೇರಿ ಸಮಾನ ನಮೂನೆಯೊಂದನ್ನು ಒಪ್ಪಿಕೊಂಡರು. ಮರುವರ್ಷವೇ ಪರಸ್ಪರ ಯುದ್ಧಕ್ಕಿಳಿದ ಬ್ರಿಟನ್ ಮತ್ತು ರಷ್ಯಾ ಎರಡೂ ಅಲ್ಲಿದ್ದವು. 1861ರಲ್ಲಿ ಅಮೆರಿಕದ ಅಂತರ್ಯುದ್ಧ ಆರಂಭವಾದಾಗ ಮೌರಿ ದಕ್ಷಿಣದ ಪಕ್ಷ ಸೇರಿದನು. ವಾಷಿಂಗ್ಟನ್ನಿನ ಕೆಲಸ ಅಲ್ಲಿಗೆ ಮುಗಿಯಿತು. ಆದರೆ ಸಂಗ್ರಹ ಉಳಿಯಿತು. ಬೇಗ ದಡ ಸೇರಲೆಂದು ಬರೆದ ಆ ದಿನಚರಿಗಳು ಇಂದು ಗಣಕೀಕೃತವಾಗಿ ಹವಾಮಾನ ಬದಲಾವಣೆಯ ಅಧ್ಯಯನಕ್ಕೆ ನೆರವಾಗುತ್ತಿವೆ.

ಇನ್ನು ಇಂದಿನ ಮಾತು. ಐರೋಪ್ಯ ಒಕ್ಕೂಟದ ದತ್ತಾಂಶ ಕಾಯಿದೆ 2024ರ ಜನವರಿಯಲ್ಲಿ ಜಾರಿಗೆ ಬಂದು, 2025ರ ಸೆಪ್ಟೆಂಬರ್ 12ರಿಂದ ಅನ್ವಯವಾಗತೊಡಗಿದೆ. ಅಂತರಜಾಲಕ್ಕೆ ಜೋಡಿಸಿದ ಟ್ರ್ಯಾಕ್ಟರ್ ಉಂಟುಮಾಡುವ ಮಾಹಿತಿಯನ್ನು ಪಡೆಯುವ, ಬೇರೊಬ್ಬ ರಿಪೇರಿಯವನಿಗೆ ಕೊಡಿಸುವ ಹಕ್ಕನ್ನು ಅದು ರೈತನಿಗೆ ನೀಡುತ್ತದೆ. ನಮ್ಮಲ್ಲಿ ಬೆಂಗಳೂರಿನ ಇನ್ಫೋಸಿಸ್ ಸಂಸ್ಥೆಯ ಸಹಸಂಸ್ಥಾಪಕ ಕ್ರಿಸ್ ಗೋಪಾಲಕೃಷ್ಣನ್ ಅವರ ಅಧ್ಯಕ್ಷತೆಯಲ್ಲಿ 2019ರಲ್ಲಿ ರಚನೆಯಾದ ಸಮಿತಿಯು 2020ರ ಜುಲೈನಲ್ಲಿ, ವ್ಯಕ್ತಿಗತವಲ್ಲದ ದತ್ತಾಂಶವನ್ನು ಉದ್ಯಮಗಳು ಹಂಚಿಕೊಳ್ಳುವ ವ್ಯವಸ್ಥೆಯೊಂದನ್ನು ಸೂಚಿಸಿತು. ಉದ್ಯಮವಲಯದಿಂದ ಆಕ್ಷೇಪಣೆಗಳು ಬಂದವು. ಡಿಸೆಂಬರಿನ ಪರಿಷ್ಕೃತ ಕರಡು ಸಾರ್ವಜನಿಕ ಹಿತಕ್ಕಾಗಿ ಹಂಚುವುದರತ್ತ ಒಲವು ತೋರಿತು.

ಹಾಗಾದರೆ ಮೌರಿಯ ದಾರಿಯೇ ಸಾಕೇ? ಸಾಲದೆಂದು ನನ್ನ ಅಭಿಪ್ರಾಯ. ಅಂದಿನ ಕಪ್ತಾನರು ಬಹುಮಟ್ಟಿಗೆ ಸಮಾನರು. ಕೊಟ್ಟವರಿಗೆಲ್ಲ ಒಂದೇ ನಕ್ಷೆ ದೊರೆಯುತ್ತಿತ್ತು. ಟ್ರ್ಯಾಕ್ಟರ್ ಕಂಪನಿಯೂ ರೈತನೂ ಸಮಾನರಲ್ಲ. ಅಲ್ಲಿ ಕಾನೂನಿನ ಆಸರೆ ಅಗತ್ಯ. ಆದರೆ ಕಾನೂನು ಮಾಡುವವರು ಆ ಉಗ್ರಾಣದ ಅಧಿಕಾರಿಯಿಂದ ಒಂದು ಪಾಠ ಕಲಿಯಬಹುದು. ಕೊಡಿ ಎಂದು ಕೇಳುವ ಮೊದಲು, ಕೊಟ್ಟವನಿಗೆ ಏನು ಮರಳಿ ಬರುತ್ತದೆಂಬುದನ್ನು ಸ್ಪಷ್ಟವಾಗಿ ಹೇಳಬೇಕು. ಇಂತಹ ನಿಯಮಗಳನ್ನು ರೂಪಿಸುವ ಕಛೇರಿಗಳಲ್ಲೂ ನಿಮ್ಮಲ್ಲಿ ಕೆಲವರಿರಬಹುದು. ಈ ಪ್ರಶ್ನೆಯನ್ನು ಅಲ್ಲಿ ಕೇಳಿರೆಂದು ಹೇಳಿ ಮುಗಿಸುತ್ತೇನೆ.