ಲಕ್ಕಸಂದ್ರದ ಗುರುಮನೆ: ವ್ಯಸನ ಸಮಾಲೋಚಕರನ್ನು ರೂಪಿಸಿದ ನಿಮ್ಹಾನ್ಸ್

ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನಿಗಳ ಚಿಕಿತ್ಸೆಗೆಂದೇ ಪ್ರತ್ಯೇಕ ವಿಭಾಗ ಆರಂಭವಾದದ್ದು 1991ರಲ್ಲಿ. ಅಲ್ಲಿ ಪಾಠ ಕಲಿತ ನಾವು ಇಂದು ಜಿಲ್ಲಾಸ್ಪತ್ರೆಗಳಲ್ಲಿ, ಸ್ವಯಂಸೇವಾ ಸಂಸ್ಥೆಗಳ ವ್ಯಸನಮುಕ್ತಿ ಕೇಂದ್ರಗಳಲ್ಲಿ, ಕಾಲೇಜುಗಳಲ್ಲಿ, ಸಹಾಯವಾಣಿಗಳಲ್ಲಿ ಕೆಲಸ ಮಾಡುತ್ತಿದ್ದೇವೆ. ‘ಕುಡಿಯೋರಿಗೆ ಬುದ್ಧಿ ಹೇಳೋಕೂ ಓದಬೇಕಾ?’ ಎಂದು ನಮ್ಮ ಮನೆಯವರೇ ಕೇಳಿದ್ದುಂಟು. ಓದಬೇಕು, ಅದೂ ರೋಗಿಯ ಪಕ್ಕದಲ್ಲಿ ಕುಳಿತು ಓದಬೇಕು ಎಂಬ ನಿಲುವಿನಿಂದ ನಮ್ಮ ಸಂಸ್ಥೆ ಎಂದೂ ಹಿಂದೆ ಸರಿದಿಲ್ಲ. ಆ ನಿಲುವಿನ ಬೇರು 1991ಕ್ಕಿಂತ ಬಹಳ ಹಿಂದಿನದು. ಅದನ್ನು ನೆಟ್ಟವರನ್ನು ಈ ಸಂಚಿಕೆಯಲ್ಲಿ ಕ್ರಮವಾಗಿ ನೆನೆಯುವುದು ನಮ್ಮ ಕರ್ತವ್ಯ.

ಸಂಸ್ಥೆಯ ಮೂಲ 1847ರ ಬೆಂಗಳೂರು ಲುನಾಟಿಕ್ ಅಸೈಲಂ. 1925ರಲ್ಲಿ ಅದಕ್ಕೆ ಮಾನಸಿಕ ಆಸ್ಪತ್ರೆ ಎಂಬ ಗೌರವದ ಹೆಸರು ಬಂತು. ಆಸ್ಪತ್ರೆಯ ಮೇಲ್ವಿಚಾರಕ ಡಾ. ಫ್ರಾಂಕ್ ನರೋನಾ ಅವರ ಒತ್ತಾಸೆ, ದಿವಾನ್ ಸರ್ ಮಿರ್ಜಾ ಇಸ್ಮಾಯಿಲ್ ಅವರ ಆಸಕ್ತಿ, ಮೈಸೂರು ಸಂಸ್ಥಾನದ ಉದಾರತೆ ಮೂರೂ ಕೂಡಿದ್ದರಿಂದ ಮೂವತ್ತರ ದಶಕದ ಕೊನೆಯ ಹೊತ್ತಿಗೆ ಆಸ್ಪತ್ರೆ ಊರಾಚೆಯ ಲಕ್ಕಸಂದ್ರದ ಎತ್ತರದ ವಿಶಾಲ ಆವರಣಕ್ಕೆ ಬಂತು. ಜನರ ಬಾಯಲ್ಲಿ ಮಾತ್ರ ಅದು ‘ಹುಚ್ಚಾಸ್ಪತ್ರೆ’ಯಾಗಿಯೇ ಉಳಿಯಿತು. ಇಂದಿಗೂ ಬೆಂಗಳೂರಿನಲ್ಲಿ ಗೆಳೆಯರು ಒಬ್ಬರನ್ನೊಬ್ಬರು ರೇಗಿಸುವಾಗ ‘ಇವನನ್ನ ನಿಮ್ಹಾನ್ಸ್‌ಗೆ ಸೇರಿಸ್ರೋ’ ಎನ್ನುತ್ತಾರೆ. ಅದೇ ಗೆಳೆಯರು ಅಣ್ಣನ ಕುಡಿತ ಕೈಮೀರಿದಾಗ ಮಾಸ್ಕ್ ಹಾಕಿಕೊಂಡು ನಮ್ಮ ಹೊರರೋಗಿ ವಿಭಾಗದ ಸಾಲಿನಲ್ಲಿ ನಿಲ್ಲುವುದನ್ನೂ ನಾವು ಕಂಡಿದ್ದೇವೆ.

ಈ ಆಸ್ಪತ್ರೆಯನ್ನು ಪಾಠಶಾಲೆಯಾಗಿಸಿದವರು ಡಾ. ಎಂ. ವಿ. ಗೋವಿಂದಸ್ವಾಮಿ. ಆರೋಗ್ಯ ಕ್ಷೇತ್ರದ ಸ್ಥಿತಿಗತಿಯನ್ನು ಪರಿಶೀಲಿಸಿದ್ದ ಭೋರ್ ಸಮಿತಿ, ಮಾನಸಿಕ ಆರೋಗ್ಯಕ್ಕೆ ತರಬೇತಾದವರು ದೇಶದಲ್ಲಿ ತೀರ ಕಡಿಮೆ ಎಂದು 1946ರ ವರದಿಯಲ್ಲಿ ಎಚ್ಚರಿಸಿತ್ತು. ಅದರ ಫಲವಾಗಿ, ರಾಜಕುಮಾರಿ ಅಮೃತ್ ಕೌರ್ ಕೇಂದ್ರ ಆರೋಗ್ಯ ಸಚಿವೆಯಾಗಿದ್ದ ಕಾಲದಲ್ಲಿ, 1954ರಲ್ಲಿ ಇದೇ ಆವರಣದಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ತಲೆಯೆತ್ತಿತು. ಗೋವಿಂದಸ್ವಾಮಿಯವರೇ ಮೊದಲ ನಿರ್ದೇಶಕರು. ಮರುವರ್ಷ ತರಗತಿಗಳು ಶುರುವಾದಾಗ ಮನೋವೈದ್ಯರ ಡಿಪ್ಲೊಮಾದ ಜೊತೆಜೊತೆಗೇ ಮನಶ್ಶಾಸ್ತ್ರಜ್ಞರ ಡಿಪ್ಲೊಮಾವೂ ಶುರುವಾಯಿತು. 1956ರಲ್ಲಿ ಮನೋರೋಗ ಶುಶ್ರೂಷೆಯ ಡಿಪ್ಲೊಮಾ ಬಂತು. ಅರವತ್ತರ ದಶಕ ಮುಗಿಯುವುದರೊಳಗೆ ಮನೋವೈದ್ಯಕೀಯ ಸಮಾಜಕಾರ್ಯದ ತರಬೇತಿಯೂ ಸೇರಿಕೊಂಡಿತು.

ನಮ್ಮ ದೃಷ್ಟಿಯಲ್ಲಿ ಈ ಸಂಸ್ಥೆಯ ಅತಿ ದೊಡ್ಡ ತೀರ್ಮಾನ ಅದೇ. ವೈದ್ಯರೊಬ್ಬರೇ ಕಲಿತರೆ ಸಾಲದು, ಮನಶ್ಶಾಸ್ತ್ರಜ್ಞ, ಸಮಾಜ ಕಾರ್ಯಕರ್ತ, ದಾದಿ ಎಲ್ಲರೂ ಒಂದೇ ರೋಗಿಯ ಸುತ್ತ ಕುಳಿತು ಕಲಿಯಬೇಕು ಎಂಬ ಆ ತೀರ್ಮಾನ ಆಗದೇ ಹೋಗಿದ್ದರೆ, ಮೂವತ್ತೈದು ವರ್ಷಗಳ ಬಳಿಕ ವ್ಯಸನ ಸಮಾಲೋಚಕ ಎಂಬ ವೃತ್ತಿಗೆ ಇಲ್ಲಿ ಕುರ್ಚಿ ಸಿಗುತ್ತಿರಲಿಲ್ಲ. ಕುಡಿತದಂತಹ ಕಾಯಿಲೆಗೆ ಮಾತ್ರೆ ಬರೆದುಕೊಡಲು ಹತ್ತು ನಿಮಿಷ ಸಾಕು. ಹೆಂಡತಿಯ ಮಾತು, ಸಾಲದ ಲೆಕ್ಕ, ಕೆಲಸದ ಜಾಗ, ಸಂಜೆಯ ಗೆಳೆಯರು ಇವನ್ನೆಲ್ಲ ಕೇಳಿಸಿಕೊಳ್ಳಲು ಬೇರೆಯದೇ ಜನ ಬೇಕು.

1974ರ ಡಿಸೆಂಬರ್ 27ರಂದು ಹಳೆಯ ಮಾನಸಿಕ ಆಸ್ಪತ್ರೆಯೂ ಅಖಿಲ ಭಾರತ ಸಂಸ್ಥೆಯೂ ಒಂದಾಗಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆ, ಅಂದರೆ ನಿಮ್ಹಾನ್ಸ್ ಆಯಿತು. ನರಶಸ್ತ್ರಚಿಕಿತ್ಸಕ ಡಾ. ಆರ್. ಎಂ. ವರ್ಮಾ ಅದರ ಮೊದಲ ನಿರ್ದೇಶಕರು. 1976ರಲ್ಲಿ ಸಕಲವಾರದಲ್ಲಿ ಸಮುದಾಯ ಮಾನಸಿಕ ಆರೋಗ್ಯ ಕೇಂದ್ರ ಶುರುವಾಯಿತು. ಊರಿನ ಆರೋಗ್ಯ ಕಾರ್ಯಕರ್ತರಿಗೂ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಅಲ್ಪಾವಧಿಯಲ್ಲಿ ಮಾನಸಿಕ ಕಾಯಿಲೆಗಳ ಪಾಠ ಹೇಳಿಕೊಡುವ ಪ್ರಯೋಗ ಅಲ್ಲಿ ನಡೆಯಿತು. ಡಾ. ಆರ್. ಎಲ್. ಕಪೂರ್, ಡಾ. ಆರ್. ಶ್ರೀನಿವಾಸಮೂರ್ತಿ, ಡಾ. ಮೋಹನ್ ಐಸಾಕ್ ಮೊದಲಾದ ಹಿರಿಯರು ಈ ದಾರಿ ತೋರಿದವರು. 1985ರಲ್ಲಿ ಬಳ್ಳಾರಿ ಜಿಲ್ಲೆ ಅದರ ದೊಡ್ಡ ಪ್ರಯೋಗಶಾಲೆಯಾಯಿತು. 1996ರಲ್ಲಿ ದೇಶದಾದ್ಯಂತ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿ ನಮ್ಮ ಬಳ್ಳಾರಿಯೇ ಎಂದು ಹೇಳಿಕೊಳ್ಳುವಾಗ ಎದೆಯುಬ್ಬುವುದು ಸಹಜ.

ಇದೇ ತಂಡದ ಡಾ. ಸಿ. ಆರ್. ಚಂದ್ರಶೇಖರ್ ಅವರನ್ನು ಬಿಟ್ಟು ಕನ್ನಡದಲ್ಲಿ ಈ ಕಥೆ ಹೇಳುವಂತಿಲ್ಲ. ಮನಸ್ಸಿನ ಕಾಯಿಲೆಗಳ ಬಗ್ಗೆ ಅವರು ಸರಳ ಕನ್ನಡದಲ್ಲಿ ಬರೆದ ಪುಸ್ತಕಗಳು ಪುಟಗಳಲ್ಲಿ ಸಣ್ಣವಾದರೂ ಹಳ್ಳಿ ಗ್ರಂಥಾಲಯದವರೆಗೆ ಹೋಗಿವೆ. ನಿವೃತ್ತಿಯ ಬಳಿಕವೂ ಅವರು ಉಚಿತ ಆಪ್ತಸಲಹೆಯನ್ನೂ, ಸಾಮಾನ್ಯ ಜನರಿಗೆ ಆಪ್ತಸಲಹೆಯ ತರಬೇತಿಯನ್ನೂ ನಿಲ್ಲಿಸಲಿಲ್ಲ. 2024ರಲ್ಲಿ ಅವರಿಗೆ ಪದ್ಮಶ್ರೀ ಬಂದಾಗ ನಮ್ಮಂಥವರ ಕೆಲಸಕ್ಕೂ ಮನ್ನಣೆ ಸಿಕ್ಕಂತಾಯಿತು.

ವ್ಯಸನದ ವಿಷಯಕ್ಕೆ ಬರೋಣ. 1985ರಲ್ಲಿ ಮಾದಕ ವಸ್ತುಗಳ ಕಾಯ್ದೆ ಬಂದ ಮೇಲೆ ಕೇಂದ್ರ ಸರ್ಕಾರ ಚಿಕಿತ್ಸೆಯತ್ತಲೂ ಗಮನ ಹರಿಸಿತು. ಆ ಅಲೆಯಲ್ಲಿ 1991ರಲ್ಲಿ ನಿಮ್ಹಾನ್ಸ್‌ನ ಡಿ-ಅಡಿಕ್ಷನ್ ವಿಭಾಗ ಶುರುವಾಯಿತು. ಇಂದು ಅದು ವ್ಯಸನ ವೈದ್ಯಕೀಯ ಕೇಂದ್ರ. ದೆಹಲಿಯ ಚಿಂತೆ ಹೆರಾಯಿನ್ ಇರಬಹುದು. ಇಲ್ಲಿನ ಹಾಸಿಗೆಗಳನ್ನು ತುಂಬಿದವರು ಬಹುಪಾಲು ಸಾರಾಯಿ, ರಮ್ಮು, ವಿಸ್ಕಿಯ ಜನ. 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಂತಾಗ ಇನ್ನು ನಿಮಗೆ ಕೆಲಸವಿಲ್ಲ ಎಂದು ಕೆಲವರು ತಮಾಷೆ ಮಾಡಿದರು. ಪ್ಯಾಕೆಟ್ ಹೋಗಿ ಕ್ವಾರ್ಟರ್ ಬಂದಾಗ ರೋಗಿಯ ಖರ್ಚು ಹೆಚ್ಚಿತು, ನಮ್ಮ ಸಾಲು ಕರಗಲಿಲ್ಲ.

ಡಾ. ಪ್ರತಿಮಾ ಮೂರ್ತಿ, ಡಾ. ವಿವೇಕ್ ಬೆನೆಗಲ್ ಮೊದಲಾದ ಗುರುಗಳು ಈ ಕೇಂದ್ರವನ್ನು ಕಟ್ಟಿ ಬೆಳೆಸಿದರು. ಸಮಾಲೋಚಕನಾಗಲು ಬಂದವನಿಗೆ ಇಲ್ಲಿನ ಮೊದಲ ಪಾಠ ಮಾತಿನದಲ್ಲ, ದೇಹದ್ದು. ದಿನವೂ ಕುಡಿಯುವವನು ಏಕಾಏಕಿ ಬಿಟ್ಟರೆ ಏನಾಗುತ್ತದೆ ಎಂಬುದನ್ನು ಅವನು ಕಣ್ಣಾರೆ ಕಲಿಯಬೇಕು. ಮೊದಲು ಕೈನಡುಕ, ಬೆವರು, ನಿದ್ರೆಗೇಡು. ಕೆಲವರಿಗೆ ಫಿಟ್ಸ್. ಎರಡು ಮೂರು ದಿನ ಕಳೆಯುವಷ್ಟರಲ್ಲಿ ಕೆಲವರಿಗೆ ಇಲ್ಲದ್ದು ಕಾಣುವ, ದಿಕ್ಕು ತಪ್ಪುವ ಡೆಲಿರಿಯಂ. ಇದು ಪ್ರಾಣಕ್ಕೇ ಎರವಾಗಬಲ್ಲದು. ‘ಇಂದಿನಿಂದ ಮುಟ್ಟಲ್ಲ ಅಂತ ಮಂಜುನಾಥನ ಮೇಲೆ ಆಣೆ ಮಾಡು’ ಎಂದು ಒತ್ತಾಯಿಸಿ ರಾತ್ರಿ ರೋಗಿಯನ್ನು ಮನೆಯಲ್ಲೇ ಬಿಡುವ ಬಂಧುಗಳಿಗೆ ಇದನ್ನು ತಿಳಿಹೇಳುವ ಹೊಣೆ ಸಮಾಲೋಚಕನದು. ಥಯಮಿನ್ ಎಂಬ ಬಿ ಜೀವಸತ್ವ ಕೊಡದಿದ್ದರೆ ನೆನಪಿನ ಶಕ್ತಿಗೇ ಶಾಶ್ವತ ಏಟು ಬೀಳಬಹುದೆಂಬುದನ್ನೂ ಅವನು ತಿಳಿದಿರಬೇಕು. ಔಷಧಿ ಬರೆಯುವುದು ಅವನ ಕೆಲಸವಲ್ಲ. ಯಾರನ್ನು ಕೂಡಲೇ ವೈದ್ಯರ ಬಳಿ ಕಳಿಸಬೇಕೆಂದು ಗುರುತಿಸುವುದು ಅವನ ಕೆಲಸವೇ.

ಆಮೇಲೆ ಮಾತಿನ ಪಾಠ. ವಿಶ್ವ ಆರೋಗ್ಯ ಸಂಸ್ಥೆ ರೂಪಿಸಿದ ಆಡಿಟ್ ಎಂಬ ಹತ್ತು ಪ್ರಶ್ನೆಗಳ ಮಾಪನವನ್ನು ಪೊಲೀಸು ವಿಚಾರಣೆಯಂತೆ ಕೇಳದೆ, ಊಟ-ನಿದ್ರೆ ವಿಚಾರಿಸುವ ಧಾಟಿಯಲ್ಲಿ ಕೇಳಬೇಕು. ವಿಲಿಯಂ ಮಿಲ್ಲರ್ 1983ರಲ್ಲಿ ಮುಂದಿಟ್ಟ ಪ್ರೇರಣಾ ಸಂದರ್ಶನದ ಪದ್ಧತಿ ಇಲ್ಲಿನ ಪಾಠದ ಜೀವಾಳ. ಕುಡಿತದಿಂದಾದ ನಷ್ಟವನ್ನು ಸಮಾಲೋಚಕ ಪಟ್ಟಿ ಮಾಡಿದರೆ ರೋಗಿ ವಾದಕ್ಕಿಳಿಯುತ್ತಾನೆ, ಅದೇ ಪಟ್ಟಿ ರೋಗಿಯ ಬಾಯಿಂದಲೇ ಬಂದರೆ ಅವನೇ ಮುಂದಿನ ಹೆಜ್ಜೆ ಯೋಚಿಸುತ್ತಾನೆ. ಬಾಯಿ ತುಂಬ ಬುದ್ಧಿವಾದ ಇಟ್ಟುಕೊಂಡು ಬಂದ ನಮ್ಮಂಥವರಿಗೆ ಸುಮ್ಮನಿರುವುದನ್ನು ಕಲಿಸಲು ಗುರುಗಳು ಪಟ್ಟ ಶ್ರಮ ಅಷ್ಟಿಷ್ಟಲ್ಲ. ಪಾತ್ರಾಭಿನಯದಲ್ಲಿ ಒಬ್ಬರು ಕುಡುಕ, ಒಬ್ಬರು ಸಮಾಲೋಚಕ. ಮುಗಿದ ಮೇಲೆ ಗುರುಗಳು ‘ನೀವೆಷ್ಟು ಮಾತಾಡಿದಿರಿ, ಅವರೆಷ್ಟು ಮಾತಾಡಿದರು?’ ಎಂದು ಕೇಳುವರು. ಉತ್ತರ ಕೊಡಲು ನಾಚಿಕೆಯಾಗುತ್ತಿತ್ತು.

ಬಿಟ್ಟವರು ಮತ್ತೆ ಕುಡಿಯುವುದನ್ನು ಸೋಲೆಂದು ಬಗೆಯದೆ ಕಾಯಿಲೆಯ ಭಾಗವೆಂದು ನೋಡುವುದೂ ಇಲ್ಲಿಯೇ ಕಲಿತದ್ದು. ಸಂಬಳದ ದಿನ, ತಿಥಿ, ಮದುವೆಯ ಹಿಂದಿನ ರಾತ್ರಿ, ಭಾನುವಾರದ ಬಾಡೂಟ: ಅಪಾಯದ ಹೊತ್ತುಗಳನ್ನು ರೋಗಿಯೊಂದಿಗೆ ಕೂತು ಮೊದಲೇ ಗುರುತಿಸಿಡುವುದು ನಮ್ಮ ದಿನನಿತ್ಯದ ಕಸುಬು. ಬಂಧುಗಳನ್ನು ಚಿಕಿತ್ಸೆಯೊಳಗೆ ಸೇರಿಸಿಕೊಳ್ಳುವ ನಿಮ್ಹಾನ್ಸ್‌ನ ಹಳೆಯ ಸಂಪ್ರದಾಯ ಇಲ್ಲಿ ಬಹಳ ಫಲ ಕೊಟ್ಟಿದೆ. ಈ ಪಾಠಗಳೆಲ್ಲ ಒಂದೆಡೆ ಸಿಗಲೆಂದು ಡಾ. ಪ್ರತಿಮಾ ಮೂರ್ತಿಯವರ ನೇತೃತ್ವದಲ್ಲಿ 2007ರಲ್ಲಿ ಹೊರಬಂದ ಮನೋಸಾಮಾಜಿಕ ಚಿಕಿತ್ಸೆಯ ಕೈಪಿಡಿ ನಮ್ಮಲ್ಲಿ ಅನೇಕರ ಮೇಜಿನ ಮೇಲೆ ಅಂಚು ಸವೆದು ಈಗಲೂ ಇದೆ. ಕೆ.ಎಸ್.ಆರ್.ಟಿ.ಸಿ. ನೌಕರರಿಗಾಗಿ ಕೇಂದ್ರ ನಡೆಸಿದ ಕಾರ್ಯಕ್ರಮವನ್ನೂ ಮರೆಯುವಂತಿಲ್ಲ. ಕುಡಿದ ಚಾಲಕನನ್ನು ಅಮಾನತು ಮಾಡುವುದೊಂದೇ ದಾರಿಯಲ್ಲ, ಚಿಕಿತ್ಸೆ ಕೊಡಿಸಿ ಮತ್ತೆ ಕೆಲಸಕ್ಕೆ ನಿಲ್ಲಿಸಬಹುದು ಎಂಬುದನ್ನು ಸಾರಿಗೆ ನಿಗಮದಂತಹ ದೊಡ್ಡ ವ್ಯವಸ್ಥೆಗೆ ಒಪ್ಪಿಸುವುದು ಸಣ್ಣ ಮಾತಲ್ಲ.

ಕಷ್ಟಗಳೂ ಕಡಿಮೆ ಇರಲಿಲ್ಲ. ನಿಮ್ಹಾನ್ಸ್ ನೇತೃತ್ವದಲ್ಲಿ 12 ರಾಜ್ಯಗಳಲ್ಲಿ ನಡೆದ 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ, ಮದ್ಯವ್ಯಸನವಿದ್ದವರಲ್ಲಿ ಶೇ. 86 ಮಂದಿ ಚಿಕಿತ್ಸೆಯಿಂದ ಹೊರಗುಳಿದಿರುವುದನ್ನು ತೋರಿಸಿತು. 2019ರ ಮತ್ತೊಂದು ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಮದ್ಯಕ್ಕೆ ದಾಸರಾದ 38 ಮಂದಿಯಲ್ಲಿ ಒಬ್ಬರಿಗಷ್ಟೇ ಯಾವುದೋ ಬಗೆಯ ಚಿಕಿತ್ಸೆ ಅಥವಾ ನೆರವು ದಕ್ಕಿತ್ತು. ಒಂದು ಆವರಣದಲ್ಲಿ ವರ್ಷಕ್ಕೊಂದಿಷ್ಟು ಜನರನ್ನು ತಯಾರು ಮಾಡಿದರೆ ಈ ಅಂತರ ತುಂಬದೆಂಬುದು ಈ ಸಮೀಕ್ಷೆಗಳಿಗಿಂತ ಮೊದಲೇ ಗುರುಗಳಿಗೆ ತಿಳಿದಿತ್ತು. ಆದ್ದರಿಂದಲೇ 2014ರಲ್ಲಿ ವರ್ಚುವಲ್ ನಾಲೆಡ್ಜ್ ನೆಟ್‌ವರ್ಕ್ ಬಂತು. ಅಮೆರಿಕದ ನ್ಯೂ ಮೆಕ್ಸಿಕೊದಲ್ಲಿ ಡಾ. ಸಂಜೀವ್ ಅರೋರಾ ಆರಂಭಿಸಿದ್ದ ಎಕೋ ಮಾದರಿಯಲ್ಲಿ, ಡಾ. ಪ್ರಭಾತ್ ಚಂದ್ ಮತ್ತು ಸಂಗಡಿಗರು ದೂರದ ಜಿಲ್ಲೆಗಳ ವೈದ್ಯರನ್ನೂ ಸಮಾಲೋಚಕರನ್ನೂ ವಿಡಿಯೊ ಮೂಲಕ ಒಂದೇ ತರಗತಿಗೆ ತಂದರು. ಜಿಲ್ಲೆಯವರು ತಮ್ಮ ರೋಗಿಯ ಕಥೆ ಹೇಳುತ್ತಾರೆ, ಬೆಂಗಳೂರಿನ ತಂಡ ಅದರ ಮೇಲೆ ಚರ್ಚಿಸುತ್ತದೆ. ನಮ್ಮ ಅನುಭವದಲ್ಲಿ ಇದಕ್ಕಿಂತ ಅಗ್ಗದ, ಇದಕ್ಕಿಂತ ಉಪಯುಕ್ತ ತರಬೇತಿ ಇನ್ನೊಂದಿಲ್ಲ.

ಅದೇ 2014ರಲ್ಲಿ ಮೊಬೈಲ್, ಗೇಮಿಂಗ್ ಗೀಳಿಗಾಗಿ ‘ಶಟ್’ ಕ್ಲಿನಿಕ್ ತೆರೆಯಿತು. 2018ರಲ್ಲಿ ತಂಬಾಕು ಬಿಡಿಸುವ ಕ್ವಿಟ್‌ಲೈನ್‌ನ ಕೇಂದ್ರ ಬಂದು, ಬೀಡಿ, ಗುಟ್ಕಾ ಬಿಡಬೇಕೆನ್ನುವವರಿಗೆ ಕನ್ನಡದಲ್ಲೇ ಉತ್ತರಿಸುವ ದನಿ ಸಿಕ್ಕಿತು. 2022ರ ಅಕ್ಟೋಬರ್ 10ರಂದು ದೇಶಕ್ಕೆಲ್ಲ ಆರಂಭವಾದ ಟೆಲಿ ಮಾನಸ್ ಸಹಾಯವಾಣಿಗೂ (14416) ನಿಮ್ಹಾನ್ಸ್ ಮುಖ್ಯ ಕೇಂದ್ರ. 2023ರಲ್ಲಿ ರೋಹಿಣಿ ನಿಲೇಕಣಿಯವರ ದತ್ತಿಸಂಸ್ಥೆ ನಿಮ್ಹಾನ್ಸ್ ಮತ್ತು ರಾಷ್ಟ್ರೀಯ ಜೈವಿಕ ವಿಜ್ಞಾನಗಳ ಕೇಂದ್ರದ (ಎನ್.ಸಿ.ಬಿ.ಎಸ್.) ಜಂಟಿ ಸಂಶೋಧನೆಗೆ 100 ಕೋಟಿ ರೂಪಾಯಿ ನೀಡಿತು. ಅಧ್ಯಯನಕ್ಕೆ ಆಯ್ದ ಐದು ಕಾಯಿಲೆಗಳಲ್ಲಿ ವ್ಯಸನವೂ ಒಂದು. ಹಿಂದೆ ಮೈಸೂರು ಸಂಸ್ಥಾನ ತೋರಿದ ಔದಾರ್ಯದ ಸಾಲಿಗೆ ಈ ದಾನವನ್ನೂ ನಾವು ಕೃತಜ್ಞತೆಯಿಂದ ಸೇರಿಸುತ್ತೇವೆ. 2025ರ ಜನವರಿ 3ರಂದು ರಾಷ್ಟ್ರಪತಿ ದ್ರೌಪದಿ ಮುರ್ಮು ಅವರು ಸಂಸ್ಥೆಯ ಸುವರ್ಣ ಮಹೋತ್ಸವಕ್ಕೆ ಚಾಲನೆ ನೀಡಿದಾಗ ನಿರ್ದೇಶಕರ ಸ್ಥಾನದಲ್ಲಿದ್ದವರು ನಮ್ಮದೇ ವಿಭಾಗದ ಡಾ. ಪ್ರತಿಮಾ ಮೂರ್ತಿ.

ವೃತ್ತಿಯ ಸ್ಥಾನಮಾನದ ಪ್ರಶ್ನೆ ಮಾತ್ರ ಇನ್ನೂ ಪೂರ್ತಿ ಬಗೆಹರಿದಿಲ್ಲ. ಚಿಕಿತ್ಸಾ ಮನಶ್ಶಾಸ್ತ್ರಜ್ಞರಿಗೆ 1992ರ ಕಾಯ್ದೆಯ ಭಾರತೀಯ ಪುನರ್ವಸತಿ ಮಂಡಳಿ ಇದೆ. ಉಳಿದ ಸಮಾಲೋಚಕರನ್ನು, ಮನೋವೈದ್ಯಕೀಯ ಸಮಾಜ ಕಾರ್ಯಕರ್ತರನ್ನು ಕಾನೂನು ಹೆಸರಿಟ್ಟು ಗುರುತಿಸಿದ್ದು 2021ರ ಅಲೈಡ್ ಹೆಲ್ತ್‌ಕೇರ್ ವೃತ್ತಿಗಳ ಕಾಯ್ದೆಯಲ್ಲಿ. ಆವರೆಗೆ ಯಾರು ಬೇಕಾದರೂ ಬೋರ್ಡು ಹಾಕಿಕೊಂಡು ಕೂರಬಹುದಿತ್ತು, ಕೂತವರೂ ಬಹಳ. ಹೊಸ ಶಿಕ್ಷಣ ನೀತಿಯಲ್ಲಿ ಎಂ.ಫಿಲ್. ಪದವಿಯೇ ಕೈಬಿಟ್ಟುಹೋದಾಗ, ಚಿಕಿತ್ಸಾ ಮನಶ್ಶಾಸ್ತ್ರ ಮತ್ತು ಮನೋವೈದ್ಯಕೀಯ ಸಮಾಜಕಾರ್ಯದ ಎಂ.ಫಿಲ್.ಗಳಿಗೆ ಯು.ಜಿ.ಸಿ. 2025-26ರವರೆಗೆ ವಿನಾಯಿತಿ ಕೊಟ್ಟಿತು. ಎರಡು ವರ್ಷ ವಾರ್ಡಿನಲ್ಲೇ ನಿಂತು ಕಲಿಯುವ ಆ ಪದ್ಧತಿಯಲ್ಲೇ ನಮ್ಮಲ್ಲಿ ಅನೇಕರು ತಯಾರಾದದ್ದು. ಪದವಿಯ ಹೆಸರು ಬದಲಾದರೆ ನಮಗೆ ಚಿಂತೆಯಿಲ್ಲ. ಗೋವಿಂದಸ್ವಾಮಿಯವರ ಕಾಲದಿಂದ ಬಂದ ವಾರ್ಡಿನ ಆ ಎರಡು ವರ್ಷಗಳನ್ನು ಹೊಸ ಪಠ್ಯಕ್ರಮದಲ್ಲೂ ಉಳಿಸಿಕೊಡಬೇಕೆಂದು ಹಳೆಯ ವಿದ್ಯಾರ್ಥಿಗಳೆಲ್ಲರ ಪರವಾಗಿ ಸಂಸ್ಥೆಯ ಹಿರಿಯರಲ್ಲಿ ವಿನಂತಿಸುತ್ತೇವೆ.